ನುಂಗುವ ಮೊದಲು

ದಾವಣಗೆರೆಯ ಒಂದು ಬಟ್ಟೆ ಅಂಗಡಿಯಲ್ಲಿ ಸೀರೆ ಬಿಚ್ಚಿ ತೋರಿಸುವುದು ನನ್ನ ಕೆಲಸ. ತೋರಿಸುವುದಕ್ಕಿಂತ ಮಾತಾಡುವುದೇ ಹೆಚ್ಚು. ಮದುವೆ ಜವಳಿಗೆಂದು ಬಂದ ಹೆಂಗಸರ ಮುಂದೆ ಬೆಳಿಗ್ಗೆ ಶುರುವಾದ ಮಾತು ಅಂಗಡಿ ಬಾಗಿಲು ಹಾಕುವವರೆಗೂ ನಿಲ್ಲುತ್ತಿರಲಿಲ್ಲ. ಮನೆ ಹರಿಹರದಲ್ಲಿ. ದಿನಾ ಬಸ್ಸಿನಲ್ಲಿ ಹೋಗಿ ಬರುವುದು. ನಲವತ್ತು ದಾಟುವವರೆಗೆ ನಾನು ಜ್ವರ ಎಂದು ಮಲಗಿದವನಲ್ಲ.

ಮೊದಲು ಕೆಟ್ಟದ್ದು ಕಣ್ಣು. ಒಂದು ಸಂಜೆ ನಿಲ್ದಾಣದಲ್ಲಿ ಕಾಯುತ್ತಿದ್ದೆ, ಒಂದೇ ಬಸ್ಸು ಎರಡಾಗಿ ಬಂತು. ಯಾವ ಬಾಗಿಲು ನಿಜ ಎಂದು ತಿಳಿಯದೆ, ಉಳಿದವರು ಹತ್ತುವುದನ್ನು ನೋಡಿ ಅವರ ಹಿಂದೆ ಹತ್ತಿದೆ. ಬೆಳಿಗ್ಗೆ ಎದ್ದಾಗ ಎಲ್ಲ ಸರಿ ಇತ್ತು. ಸಂಜೆಗೆ ಮತ್ತೆ ಎರಡೆರಡು. ಕನ್ನಡಕ ಬದಲಾಯಿಸಿದೆ. ಆಮೇಲೆ ಎಡಗಣ್ಣಿನ ರೆಪ್ಪೆ ಜೋತುಬೀಳತೊಡಗಿತು. ಗಿರಾಕಿಯೊಬ್ಬಳು, "ಯಣ್ಣಾ, ನಿದ್ದಿ ಬಂದೈತೇನು?" ಎಂದು ನಕ್ಕಳು. ನಾನೂ ನಕ್ಕೆ. ನಗುವಾಗ ತುಟಿ ಮೇಲೇಳಲಿಲ್ಲ. ಎದುರಿನ ಕನ್ನಡಿಯಲ್ಲಿ ನನ್ನ ನಗು ಹಲ್ಲು ಕಿಸಿದ ಹಾಗೆ ಕಂಡಿತು.

ಒಂದು ಮಧ್ಯಾಹ್ನ ಅಂಗಡಿಯಲ್ಲಿ ಮಂಡಕ್ಕಿ ಮಿರ್ಚಿ ತರಿಸಿದ್ದರು. ನಮ್ಮ ಊರಲ್ಲಿ ಮಂಡಕ್ಕಿ ಬ್ಯಾಡ ಎನ್ನುವವರುಂಟೇ? ನಾಲ್ಕು ತುತ್ತಿಗೆ ದವಡೆ ಸೋತುಹೋಯಿತು. ಬೆರಳಿನಿಂದ ಗದ್ದ ಎತ್ತಿ ಹಿಡಿದು ಅಗಿದೆ. ಆಮೇಲೆ ಮಂಡಕ್ಕಿ ಗಂಟಲಲ್ಲಿ ನಿಂತಿತು, ಒಳಗೂ ಹೋಗದು, ಹೊರಗೂ ಬಾರದು. ಚಹ ಕುಡಿದರೆ ಅದು ಮೂಗಿನಿಂದ ಸುರಿಯಿತು. ಜೊತೆಯವರು ಮೊದಲು ನಕ್ಕರು, ನನ್ನ ಮುಖ ನೋಡಿ ನಿಲ್ಲಿಸಿದರು. ಯಾರೋ ಬೆನ್ನಿಗೆ ಗುದ್ದಿದ ಮೇಲೆ ಉಸಿರಾಡಿತು. ಸಾಹುಕಾರರು ಗಲ್ಲಾ ಬಿಟ್ಟು ಎದ್ದು ಬಂದು, "ನಾಳೆ ಅಂಗಡಿಗೆ ಬರಬ್ಯಾಡ. ಮೊದ್ಲು ದೊಡ್ಡ ಡಾಕ್ಟ್ರಿಗೆ ತೋರ್ಸು," ಎಂದರು.

ನರರೋಗದ ಡಾಕ್ಟರು ನನ್ನ ರೆಪ್ಪೆಯ ಮೇಲೆ ಮಂಜುಗಡ್ಡೆ ಇಟ್ಟು ಸ್ವಲ್ಪ ಹೊತ್ತು ಒತ್ತಿ ಹಿಡಿದರು. ತೆಗೆದಾಗ ಜೋತುಬಿದ್ದಿದ್ದ ರೆಪ್ಪೆ ಎದ್ದುನಿಂತಿತ್ತು. ಪಕ್ಕದಲ್ಲಿದ್ದ ಹೆಂಡತಿಗೆ ಸಂತೋಷವಾಯಿತು. ಡಾಕ್ಟರ ಮುಖದಲ್ಲಿ ಸಂತೋಷ ಇರಲಿಲ್ಲ. ರಕ್ತದ ಪರೀಕ್ಷೆ ಬಂದ ಮೇಲೆ ಕಾಯಿಲೆಯ ಹೆಸರು ಹೇಳಿದರು: ಮಯಸ್ತೇನಿಯಾ.

"ರೋಗ ತಡೀಬೇಕಾದ ಶಕ್ತಿ ಐತಲ್ಲ, ಅದೇ ನಿಮ್ಮ ಮೈಮೇಲೆ ಬಿದ್ದೈತೆ. ನರ ಹೇಳಿದ್ದು ಸ್ನಾಯುಗೆ ಮುಟ್ಟಂಗಿಲ್ಲ. ಅದಕ್ಕೇ ದುಡಿದಂಗೆಲ್ಲ ಸೋಲ್ತಾವೆ."

"ಪೂರ್ತಿ ವಾಸಿ ಆಗ್ತೈತೇನ್ರಿ?" ಹೆಂಡತಿ ಕೇಳಿದಳು.

"ಹದ್ದುಬಸ್ತಿನಾಗೆ ಇಟ್ಕೋಬಹುದು. ಗುಳಿಗಿ ಮಾತ್ರ ಬಿಡಂಗಿಲ್ಲ. ನುಂಗೋದು ಕಷ್ಟ ಆತು, ಉಸಿರು ಸಾಲವಲ್ದು ಅನ್ಸಿದ್ರೆ ಮನ್ಯಾಗೆ ಕೂಡಬ್ಯಾಡ್ರಿ. ಉಸಿರಾಡ್ಸೋದೂ ಸ್ನಾಯುನೇ."

ಆ ಕೊನೆಯ ಮಾತು ಅವತ್ತಿನಿಂದ ನನ್ನನ್ನು ಬಿಟ್ಟಿಲ್ಲ.

ಗುಳಿಗೆಯಿಂದ ಸುಧಾರಿಸಿದೆ. ಊಟಕ್ಕೆ ಮುಂಚೆ ನುಂಗಿ, ಗಂಟಲಿಗೆ ಬಲ ಬರುವವರೆಗೆ ಕಾದು, ಮೆತ್ತನೆಯದನ್ನೇ ಉಣ್ಣಬೇಕು. ಗಟ್ಟಿಯಾದ ಕಟಕ್ ರೊಟ್ಟಿ ಬಿಟ್ಟೆ. ಅಂಗಡಿಯಲ್ಲಿ ಮಾತು ಕಡಿಮೆ ಮಾಡಿ ಬಟ್ಟೆ ಅಳೆಯುವುದು, ಕಟ್ಟಿಕೊಡುವುದು ನೋಡಿಕೊಂಡೆ.

ಮುಂದಿನ ಮಳೆಗಾಲದ ಆರಂಭದಲ್ಲಿ ನೆಗಡಿ ಹಿಡಿಯಿತು. ಎಲ್ಲರಿಗೂ ಬರುವಂಥದ್ದೇ. ಎರಡು ದಿನ ಮೈ ಬೆಚ್ಚಗಿತ್ತು. ಮೂರನೆಯ ದಿನ ಅಂಗಡಿಯಲ್ಲಿ ಬಟ್ಟೆಯ ಥಾನು ಸುತ್ತುತ್ತಿದ್ದಾಗ ತಲೆ ಎದೆಯ ಮೇಲೆ ಬಿತ್ತು. ಎತ್ತಿದರೆ ಮತ್ತೆ ಬೀಳುತ್ತಿತ್ತು. ಮನೆಗೆ ಹೋಗಿ ಮಲಗಿದರೆ ಸರಿಹೋದೀತು ಎಂದು ಹೇಳಿ ಬಸ್ಸು ಹತ್ತಿದೆ.

ಬಸ್ಸು ಊರು ದಾಟುವಷ್ಟರಲ್ಲಿ ಬಾಯಲ್ಲಿ ಜೊಲ್ಲು ತುಂಬತೊಡಗಿತು. ನುಂಗಲು ಆಗಲಿಲ್ಲ. ಒಂದು ಕೈಯಿಂದ ಗದ್ದ ಹಿಡಿದು, ಇನ್ನೊಂದರಿಂದ ಕರವಸ್ತ್ರ ಒತ್ತಿಕೊಂಡೆ. ಕಂಡಕ್ಟರು, "ಎಲ್ಲಿಗ್ರಿ?" ಎಂದು ಕೇಳಿದಾಗ ಹರಿಹರ ಎಂದೆ. ಬಾಯಿಂದ ಬಂದದ್ದು ಮೂಗಿನ ಗಾಳಿ ಮಾತ್ರ.

"ಸರಿಯಾಗಿ ಹೇಳ್ರಿ."

ಮತ್ತೆ ಹೇಳಿದೆ. ಪಕ್ಕದಲ್ಲಿದ್ದ ಹೆಂಗಸು ಸೆರಗು ಎಳೆದುಕೊಂಡು ಎದ್ದು ಹಿಂದಿನ ಸೀಟಿಗೆ ಹೋದಳು. "ಹಗಲೊತ್ನಾಗೇ ಕುಡ್ಕಂಡು ಬಂದಾನ," ಎಂದು ಅಲ್ಲಿದ್ದವರಿಗೆ ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಬುದ್ಧಿ, ಕಿವಿ ಎರಡೂ ಚೆನ್ನಾಗಿಯೇ ಇದ್ದವು. ನನಗೆ ಉಸಿರು ಸಾಲುತ್ತಿಲ್ಲ ಎಂದು ಹೇಳಬೇಕಾಗಿತ್ತು. ಹೇಳಲು ಬೇಕಾದ ಉಸಿರೇ ಇರಲಿಲ್ಲ. ಆಗ ಇನ್ನೊಂದು ಹೊಳೆಯಿತು. ಆಸ್ಪತ್ರೆ ಇರುವುದು ದಾವಣಗೆರೆಯಲ್ಲಿ. ಬಸ್ಸು ನನ್ನನ್ನು ಅದರಿಂದ ದೂರ ಒಯ್ಯುತ್ತಿತ್ತು.

ಫೋನ್ ತೆಗೆದು ಹೆಂಡತಿಗೆ "ಉಸಿರು" ಎಂದಷ್ಟೇ ಬರೆದು ಕಳಿಸಿದೆ. ಅವಳು ಮತ್ತೆ ಮತ್ತೆ ಫೋನ್ ಮಾಡಿದಳು. ಎತ್ತಿ ಏನು ಮಾಡಲಿ? "ಬಸ್ಸು" ಎಂದು ಬರೆದೆ.

ಹರಿಹರದ ನಿಲ್ದಾಣದಲ್ಲಿ ಅವಳು ಪಕ್ಕದ ಮನೆಯವರ ಕಾರಿನೊಂದಿಗೆ ನಿಂತಿದ್ದಳು. ನನ್ನನ್ನು ಇಳಿಸಿಕೊಳ್ಳಲು ಕಂಡಕ್ಟರನ ನೆರವು ಕೇಳಿದಾಗ ಅವನು ಹಿಂಜರಿದ. "ಕುಡಿದಿಲ್ರಿ ಅವ್ರು. ಕಾಯಿಲೆ ಐತೆ. ಹಿಡ್ಕಳ್ರಿ," ಎಂದಳು. ಅವನು ಟಿಕೆಟ್ ಚೀಲ ಹಿಂದಕ್ಕೆ ಸರಿಸಿ ನನ್ನನ್ನು ತಬ್ಬಿ ಇಳಿಸಿದ. ಬಂದ ರಸ್ತೆಯಲ್ಲೇ ಕಾರು ತಿರುಗಿತು. ಮಲಗಿದರೆ ಉಸಿರು ಕಟ್ಟುತ್ತಿದ್ದುದರಿಂದ ಹೆಂಡತಿ ನನ್ನನ್ನು ನೆಟ್ಟಗೆ ಕೂಡಿಸಿ, ತನ್ನ ಅಂಗೈಯನ್ನು ನನ್ನ ಗದ್ದಕ್ಕೆ ಆನಿಸಿ ಹಿಡಿದಿದ್ದಳು.

ಆಸ್ಪತ್ರೆಯಲ್ಲಿ ಗಂಟಲಿಗೆ ಕೊಳವೆ ಇಳಿಸಿ ಯಂತ್ರದಿಂದ ಉಸಿರಾಡಿಸಿದರು. ರಕ್ತವನ್ನು ಹೊರಗೆ ತೆಗೆದು, ಅದರಲ್ಲಿದ್ದ ಕೆಟ್ಟದ್ದನ್ನು ಬೇರೆ ಮಾಡಿ ಮತ್ತೆ ಮೈಗೆ ಬಿಡುವ ಚಿಕಿತ್ಸೆಯೂ ಆಯಿತು. ಎಚ್ಚರವಾದಾಗಲೆಲ್ಲ ನನಗಿದ್ದುದು ಒಂದೇ ಭಯ: ಕರೆಂಟು ಹೋದರೆ? ಕೇಳಲು ಬಾಯಿಲ್ಲ. ನರ್ಸಮ್ಮನಿಗೆ ಗೋಡೆಯ ಪ್ಲಗ್ಗನ್ನು ಕಣ್ಣಿನಲ್ಲೇ ತೋರಿಸುತ್ತಿದ್ದೆ. ಆಕೆಗೆ ಅರ್ಥವಾಗಲು ಬಹಳ ಹೊತ್ತು ಹಿಡಿಯಿತು. "ಅದಕ್ಕೆ ಬ್ಯಾಟ್ರಿ ಐತಣ್ಣ, ಮಲ್ಕಳ್ರಿ," ಎಂದಳು.

ಬದುಕಿ ಬಂದೆ. ಆದರೆ ಬಂದವನು ಮೊದಲಿನವನಲ್ಲ. ಈಗ ಅಂಗಡಿಯಲ್ಲಿ ಮಧ್ಯಾಹ್ನದವರೆಗೆ ಮಾತ್ರ ಇರುತ್ತೇನೆ. ಬೆಳಿಗ್ಗೆ ಎದ್ದ ಕೂಡಲೇ ಹೆಂಡತಿ ಒಂದೇ ಉಸಿರಿನಲ್ಲಿ ಅಆಇಈ ಹೇಳಿಸುತ್ತಾಳೆ. ಉಸಿರು ಸಾಲುತ್ತಿದೆಯೇ ಎಂದು ನೋಡಲು ಡಾಕ್ಟರು ಅಂಕಿ ಎಣಿಸಿ ಎಂದಿದ್ದರು, ಅವಳು ಅಕ್ಷರ ಹೇಳಿ ಅನ್ನುತ್ತಾಳೆ. ಒಳ್ಳೆಯ ದಿನ ಕೊನೆಯ ಳಕಾರ ಮುಟ್ಟುತ್ತೇನೆ. ತವರ್ಗದಲ್ಲೇ ನಿಂತ ದಿನ ಅವಳು ಆಸ್ಪತ್ರೆಯ ಚೀಲ ಬಾಗಿಲ ಹತ್ತಿರ ತಂದಿಡುತ್ತಾಳೆ. ಪಕ್ಕದಲ್ಲಿ ಯಾರಾದರೂ ಸೀನಿದರೆ ಎದ್ದು ದೂರ ಹೋಗುತ್ತೇನೆ. ಬಚ್ಚಲಿನ ಚಿಲಕ ಹಾಕುವುದಿಲ್ಲ. ಸಾರಥಿಯಲ್ಲಿರುವ ಅಕ್ಕ, "ಬಾರೋ ತಮ್ಮ, ಎರಡು ದಿನ ಇದ್ದು ಹೋಗು," ಎಂದು ಕರೆಯುತ್ತಲೇ ಇರುತ್ತಾಳೆ. ಹರಿಹರದ ಪಕ್ಕದ ಹಳ್ಳಿಯೇ ಅದು. ಆದರೂ ಆಸ್ಪತ್ರೆಗೆ ಇನ್ನಷ್ಟು ದೂರ ಎಂದು ಹೋಗಲು ಹೆದರುತ್ತೇನೆ.

ಹೋದ ತಿಂಗಳು ಹೆಂಡತಿಯ ತವರು ಲೋಕಿಕೆರೆಯಲ್ಲಿ ಅತ್ತೆ ಬಿದ್ದು ಸೊಂಟ ನೋಯಿಸಿಕೊಂಡರು. ಹೆಂಡತಿ ಹೋಗಲೇಬೇಕಾಯಿತು. ಕಾಯಿಲೆ ಬಂದ ಮೇಲೆ ಮನೆಯಲ್ಲಿ ನಾನೊಬ್ಬನೇ ಉಳಿದ ಮೊದಲ ಹಗಲು ಅದು. ಅಂಗಡಿಗೆ ಹೋಗಲಿಲ್ಲ. ಅವಳು ಪಕ್ಕದ ಮನೆಯಾಕೆಗೆ ಹೇಳಿ, ಅನ್ನ ಮೆತ್ತಗೆ ಬೇಯಿಸಿಟ್ಟು ಹೋದಳು. ಬೀದಿ ಬಾಗಿಲು ತೆರೆದೇ ಇಟ್ಟೆ.

ಗುಳಿಗೆ ನುಂಗಿ, ಕಾದು, ಮಜ್ಜಿಗೆ ಅನ್ನಕ್ಕೆ ಕೂತೆ. ಮೂರನೆಯದೋ ನಾಲ್ಕನೆಯದೋ ತುತ್ತು ಅಡ್ಡ ಬಿತ್ತು. ಕೆಮ್ಮಿದೆ. ಹೋಗಲಿಲ್ಲ. ಕಣ್ಣಲ್ಲಿ ನೀರು ಬಂತು. ತೆರೆದ ಬಾಗಿಲಾಚೆ ಜನ ಓಡಾಡುತ್ತಿದ್ದರು, ಕರೆಯಲು ದನಿ ಇಲ್ಲ. ಹೀಗೇ ತಟ್ಟೆಯ ಮುಂದೆ ಕೂತಲ್ಲೇ ಮುಗಿಯುತ್ತದೆ ಅನ್ನಿಸಿತು. ಲೋಟವನ್ನು ನೆಲಕ್ಕೆ ಬಡಿಯುತ್ತಾ ಬಗ್ಗಿ ಮತ್ತೆ ಕೆಮ್ಮಿದೆ. ಅಗುಳು ಹೊರಬಿತ್ತು. ಪಕ್ಕದಾಕೆ ಓಡಿ ಬರುವಷ್ಟರಲ್ಲಿ ಗೋಡೆಗೆ ಒರಗಿ ಕೂತಿದ್ದೆ. ಮತ್ತೆ ತಟ್ಟೆ ಮುಟ್ಟಲಿಲ್ಲ.

ಸುದ್ದಿ ಕೇಳಿ ಹೆಂಡತಿ ಬೆಳಕಿರುವಾಗಲೇ ತಿರುಗಿ ಬಂದಳು. ಚಪ್ಪಲಿ ಬಿಡುತ್ತಲೇ, "ಉಂಡಿಲ್ಲ ಅಲ್ಲಾ?" ಎಂದಳು.

"ಹಸಿವಿಲ್ಲ."

"ಹಸಿವಿಲ್ದಂಗೆ ಹೆಂಗಿರ್ತೈತೆ. ಅಂಜಿಕಿ ಅನ್ರಿ."

"ಹ್ಞೂ. ಅಂಜಿಕಿನೇ."

"ನನಗೂ ಐತೆ. ಬರ್ರಿ, ಕೂಡ್ರಿ."

ಗಂಜಿ ಕಾಸಿ ಇಬ್ಬರಿಗೂ ಬಡಿಸಿದಳು. ತಾನು ಮೊದಲ ತುತ್ತನ್ನು ಕೈಯಲ್ಲೇ ಹಿಡಿದು, ನನ್ನ ಗಂಟಲನ್ನೇ ನೋಡುತ್ತಾ ಕೂತಳು. ನಾನು ನುಂಗಿದೆ. ಆಮೇಲೆ ಅವಳು ಉಂಡಳು.