ಬುಧವಾರದವರೆಗೆ ಖಾಲಿ ಬಿಡಿ

ಎಂಬತ್ತರ ದಶಕದ ನಡುವೆ ತೈಲದ ಬೆಲೆ ಕುಸಿದಾಗ ನಾನು ಮಸ್ಕತ್ತಿನ ಒಂದು ಎಂಜಿನಿಯರಿಂಗ್ ಕಚೇರಿಯ ಸಿಬ್ಬಂದಿ ವಿಭಾಗದಲ್ಲಿದ್ದೆ. ಕೆಲಸದಿಂದ ತೆಗೆದವರನ್ನು ಊರಿಗೆ ಕಳುಹಿಸುವ ನಮೂನೆಯನ್ನು ತುಂಬುವುದು ನನ್ನ ಪಾಲಿಗೆ ಬಂದಿತ್ತು. ಕೊಲ್ಲಿಯಲ್ಲಿ ದುಡಿದವರಿಗೆಲ್ಲ ಈ ಪದ್ಧತಿ ಗೊತ್ತು: ಕರೆತಂದ ಕಂಪನಿಯೇ ಕೊನೆಗೊಂದು ದಿನ ಸ್ವದೇಶಕ್ಕೆ ಟಿಕೆಟ್ ಕೊಟ್ಟು ಕಳುಹಿಸಬೇಕು, ಹಿಂದಿರುಗುವ ಟಿಕೆಟ್ ಅದರಲ್ಲಿರುವುದಿಲ್ಲ. ನಮೂನೆಯಲ್ಲಿ 'ಸ್ವದೇಶದ ವಿಮಾನ ನಿಲ್ದಾಣ' ಎಂಬ ಒಂದು ಅಂಕಣವಿತ್ತು. ಆ ವರ್ಷ ಅಲ್ಲಿ ಬೊಂಬಾಯಿ, ತಿರುವನಂತಪುರ, ಕರಾಚಿ, ಕೊಲಂಬೊ ಎಂದು ಎಷ್ಟು ಸಲ ಬೆರಳಚ್ಚು ಮಾಡಿದೆನೋ ಲೆಕ್ಕವಿಲ್ಲ.

ಹತ್ತು ವರ್ಷ ದುಡಿಸಿಕೊಂಡವನನ್ನು ಬಾಡಿಗೆಗೆ ತಂದ ಜನರೇಟರಿನಂತೆ ಹಿಂದಿರುಗಿಸುವುದು ಅನ್ಯಾಯ. ಒಂದೇ ಕೆಲಸಕ್ಕೆ ಪಾಸ್‌ಪೋರ್ಟ್ ನೋಡಿ ಬೇರೆ ಬೇರೆ ಸಂಬಳ ಗೊತ್ತುಮಾಡುವುದು ಅನ್ಯಾಯ. ಒಬ್ಬ ಮನುಷ್ಯನ ಇರುವಿಕೆಯನ್ನೇ ಅವನ ಕಫೀಲನ, ಅಂದರೆ ವೀಸಾ ಕೊಡಿಸಿದ ಪ್ರಾಯೋಜಕನ, ಸಹಿಗೆ ಕಟ್ಟಿಹಾಕುವುದು ಅನ್ಯಾಯ. ಇವನ್ನು ನಾನು ಆಗಲೂ ಹೇಳುತ್ತಿದ್ದೆ, ಈಗಲೂ ಹೇಳುತ್ತೇನೆ. ಆದರೆ ಇಲ್ಲಿ ಬರೆಯಹೊರಟಿರುವುದು ಇನ್ನೊಂದು ಅನ್ಯಾಯವನ್ನು. ಅದನ್ನು ಮಾಡಿದವಳು ನಾನು.

ನಮ್ಮ ಮನೆ ವಾದಿ ಕಬೀರ್‌ನಲ್ಲಿ, ಗ್ಯಾರೇಜುಗಳ ಸಾಲಿನ ಮೇಲಿನ ಅಂತಸ್ತಿನಲ್ಲಿತ್ತು. ಗಂಡ ಒಳನಾಡಿನ ಸೈಟಿನಲ್ಲಿದ್ದು ವಾರಾಂತ್ಯಕ್ಕೆ ಮಾತ್ರ ಬರುತ್ತಿದ್ದರು. ಕಚೇರಿಗೆ ನಾವು ಮೂವರು ಒಂದೇ ಕಾರಿನಲ್ಲಿ ಹೋಗುತ್ತಿದ್ದೆವು. ಕಾರು ನಮ್ಮ ಕಚೇರಿಯ ಹಿರಿಯ ನಕಾಶೆಗಾರರದು. ಅವರು ಪ್ಯಾಲೆಸ್ತೀನಿನವರು, ಎಲ್ಲರೂ ಅವರನ್ನು ಉಸ್ತಾದ್ ಎಂದೇ ಕರೆಯುತ್ತಿದ್ದರು. ಮುಂದಿನ ಸೀಟಿನಲ್ಲಿ ಉಡುಪಿ ಕಡೆಯ ಸ್ಟೋರ್‌ಕೀಪರ್, ಹಿಂದೆ ನಾನು.

ಉಸ್ತಾದರ ಬಳಿ ಇದ್ದದ್ದು ಪಾಸ್‌ಪೋರ್ಟ್ ಅಲ್ಲ, ಗಾಜಾದ ನಿರಾಶ್ರಿತರಿಗೆಂದು ಈಜಿಪ್ಟ್ ಕೊಡುತ್ತಿದ್ದ ಪ್ರಯಾಣ ಪತ್ರ. ಅದನ್ನು ಹಿಡಿದು ಈಜಿಪ್ಟಿಗೇ ಹೋಗಬೇಕೆಂದರೂ ವೀಸಾ ಬೇಡಬೇಕು. "ಇದು 'ಇವನನ್ನು ಒಳಗೆ ಬಿಡಬೇಡಿ' ಎಂದು ಬರೆದುಕೊಟ್ಟ ಶಿಫಾರಸು ಪತ್ರ," ಎಂದು ಅವರೇ ನಗುತ್ತಿದ್ದರು. ಕಚೇರಿಯಲ್ಲಿ ಯಾರಾದರೂ ಅವರನ್ನು ಈಜಿಪ್ಟಿನವರೆಂದರೆ, ಜೋರ್ಡಾನಿನವರೆಂದರೆ, ಪೆನ್ಸಿಲ್ ಕೆಳಗಿಟ್ಟು ತಿದ್ದುತ್ತಿದ್ದರು. ಒಮ್ಮೆ ಕಾರಿನಲ್ಲಿ ಹೇಳಿದರು: "ಬೆಳಿಗ್ಗೆ ಒಬ್ಬರು ನನಗೊಂದು ದೇಶ ಕೊಡುತ್ತಾರೆ, ಮಧ್ಯಾಹ್ನ ಇನ್ನೊಬ್ಬರು ಇನ್ನೊಂದು. ಸಂಜೆ ಎಲ್ಲವನ್ನೂ ಮೇಜಿನ ಮೇಲಿಟ್ಟು ಮನೆಗೆ ಹೋಗುತ್ತೇನೆ."

ಅವರ ಹಳ್ಳಿ ಲಿದ್ದ್ ಪಟ್ಟಣದ ವಿಮಾನ ನಿಲ್ದಾಣದ ಮಗ್ಗುಲಲ್ಲಿತ್ತಂತೆ; ಆ ನಿಲ್ದಾಣಕ್ಕೆ ಈಗ ಬೇರೆ ಹೆಸರು. ಕೋಳಿಗಳು ಬೆದರುತ್ತವೆಂದು ತಾಯಿ ಅಂಗಳಕ್ಕೆ ಬಂದು ವಿಮಾನಗಳಿಗೆ ಬೈಯುತ್ತಿದ್ದಳಂತೆ. ಉಸ್ತಾದರಿಗೆ ಏಳು ವರ್ಷವಾಗಿದ್ದಾಗ, ನಲವತ್ತೆಂಟರ ಯುದ್ಧದಲ್ಲಿ, ಆ ಹಳ್ಳಿಯವರನ್ನೆಲ್ಲ ಹೊರಡಿಸಿದರು; ಮನೆಯವರು ನಡೆದು, ಗಾಡಿ ಹತ್ತಿ, ಗಾಜಾ ಸೇರಿದರು. ಆ ಹಳ್ಳಿಯ ಜನರನ್ನು ಹೊರಗಟ್ಟಿದ್ದು ಅನ್ಯಾಯ, ಹಿಂದಿರುಗಲು ಬಿಡದಿರುವುದು ಇಂದಿಗೂ ಮುಂದುವರಿದಿರುವ ಅನ್ಯಾಯ. ಉಸ್ತಾದರು ಮಾತ್ರ ಈ ಮಾತುಗಳನ್ನು ಬಳಸುತ್ತಿರಲಿಲ್ಲ. ಕೋಳಿಗಳ ವಿಷಯ ಹೇಳಿ, ಮತ್ರಾದ ಸೂಕಿಗೆ, ಅಂದರೆ ಹಳೆಯ ಪೇಟೆಗೆ, ಮಳೆಯ ನೀರು ನುಗ್ಗದಂತೆ ತಾವು ಬರೆಯುತ್ತಿದ್ದ ಕಾಲುವೆಯ ನಕ್ಷೆಗೆ ಮಾತು ಹೊರಳಿಸುತ್ತಿದ್ದರು.

ಆ ಮಾತುಗಳನ್ನು ಬಳಸುತ್ತಿದ್ದವಳು ನಾನು. ಮೈಸೂರಿನಲ್ಲಿ ನಾನು ಓದಿದ ಶಾಲೆ ಪ್ರಗತಿಪರ ಶಾಲೆ. ಪ್ರಾರ್ಥನೆಯ ಬದಲು ಅಲ್ಲಿ ದಿನಪತ್ರಿಕೆ ಓದಿಸುತ್ತಿದ್ದರು. ಕಾಲೇಜಿನಲ್ಲಿ ಮೆರವಣಿಗೆಗಳಲ್ಲಿ ನಡೆದೆ, ಗೋಡೆಗಳ ಮೇಲೆ ಬರೆದೆ. ಪ್ಯಾಲೆಸ್ತೀನ್ ಜನತೆಯ ಸ್ವಯಂನಿರ್ಣಯದ ಹಕ್ಕನ್ನು ಕುರಿತ ಪ್ರಬಂಧಕ್ಕೆ ಬಹುಮಾನವನ್ನೂ ಪಡೆದೆ. ಅದನ್ನು ಬರೆದಾಗ ನಾನು ಒಬ್ಬನೇ ಒಬ್ಬ ಪ್ಯಾಲೆಸ್ತೀನಿಯನನ್ನು ಕಂಡಿರಲಿಲ್ಲ. ಸ್ಟೋರ್‌ಕೀಪರ್ ನನ್ನನ್ನು 'ಕಾಮ್ರೇಡ್ ಅಕ್ಕ' ಎಂದು ಕರೆಯುತ್ತಿದ್ದರು. ಅದರಲ್ಲಿ ಗೇಲಿಯಿತ್ತು, ಪ್ರೀತಿಯೂ ಇತ್ತು.

ಒಂದು ಶನಿವಾರ ಬಂದ ಪಟ್ಟಿಯಲ್ಲಿ ಉಸ್ತಾದರ ಹೆಸರಿತ್ತು. ನಮೂನೆಯನ್ನು ಯಂತ್ರಕ್ಕೆ ಏರಿಸಿದೆ; ಹೆಸರು, ಹುದ್ದೆ, ಸೇರಿದ ದಿನ. ವಿಮಾನ ನಿಲ್ದಾಣದ ಅಂಕಣಕ್ಕೆ ಬಂದಾಗ ಕೈ ನಿಂತಿತು. ಅವರಿಗೆ ಹೆಂಡತಿ, ಒಬ್ಬ ಮಗಳು. ಮಸ್ಕತ್ ಬಿಟ್ಟರೆ ಆ ಮೂವರನ್ನು ಒಟ್ಟಿಗೆ ಸೇರಿಸಿಕೊಳ್ಳುವ ಊರು ಭೂಮಿಯ ಮೇಲೆ ಇರಲಿಲ್ಲ. ನಕಾಶೆಯ ಕೋಣೆಗೆ ಹೋಗಿ ಏನು ಬರೆಯಲೆಂದು ಕೇಳಿದೆ.

"ಬುಧವಾರದವರೆಗೆ ಖಾಲಿ ಬಿಡಿ, ಸಿಸ್ಟರ್," ಎಂದರು.

ಅಷ್ಟೇ. ಹೇಳಿ ಮುಗುಳ್ನಕ್ಕು ಮತ್ತೆ ನಕ್ಷೆಯ ಮೇಲೆ ಬಾಗಿದರು. ಆ ನಗೆಯನ್ನು ನಾನು ಅಸಹಾಯಕತೆ ಎಂದು ಓದಿಕೊಂಡೆ. ಬುಧವಾರವೇ ಏಕೆ ಎಂದು ಕೇಳಲಿಲ್ಲ. ನನ್ನ ತಲೆಯಲ್ಲಿ ಆಗಲೇ ವಾಕ್ಯಗಳು ಜೋಡಿಸಿಕೊಳ್ಳತೊಡಗಿದ್ದವು.

ಭಾನುವಾರ ಕೂತು ಮನವಿಪತ್ರ ಬರೆದೆ. ಅದು ಚೆನ್ನಾಗಿತ್ತು ಎಂಬುದನ್ನು ಒಪ್ಪಿಕೊಳ್ಳಲೇಬೇಕು. ಚೆನ್ನಾಗಿದ್ದದ್ದೇ ಅದರ ಕೇಡು. ನಾಡಿನಿಂದ ಹೊರಗಟ್ಟಲ್ಪಟ್ಟ ಜನರ ಇತಿಹಾಸದಿಂದ ಆರಂಭಿಸಿ, ಪ್ರತಿಯೊಂದು ಜನತೆಗೂ ತನ್ನ ಭವಿಷ್ಯವನ್ನು ತಾನೇ ನಿರ್ಧರಿಸುವ ಹಕ್ಕಿದೆಯೆಂದು ಹೇಳಿ, ಅಂಥ ಜನತೆಯ ಒಬ್ಬ ಸದಸ್ಯನನ್ನು ಎರಡನೆಯ ಸಲ ಬೀದಿಗೆ ತಳ್ಳುವ ಪಾಪದಲ್ಲಿ ನಮ್ಮ ಸಂಸ್ಥೆ ಪಾಲುಗೊಳ್ಳಬಾರದು ಎಂದು ಮುಗಿಸಿದ್ದೆ. ಸೋಮವಾರ ಮೇಜಿನಿಂದ ಮೇಜಿಗೆ ಹೋಗಿ ಸಹಿ ಕೇಳಿದೆ. ನಕಾಶೆಯ ಕೋಣೆಗೆ ಮಾತ್ರ ಹೋಗಲಿಲ್ಲ. ಅವರಿಗೆ ಮುಜುಗರವಾಗದಿರಲಿ ಎಂಬುದು ನನ್ನ ಸೂಕ್ಷ್ಮತೆ. ಕೆಲಸ ಕಳೆದುಕೊಳ್ಳುವ ಭಯದಲ್ಲಿದ್ದ ಜನ ಸಹಿ ಹಾಕಿದರು, ಪಟ್ಟಿಯಲ್ಲಿದ್ದವರೂ ಹಾಕಿದರು; ಅವರೆಲ್ಲರಿಗೂ ಉಸ್ತಾದರೆಂದರೆ ಗೌರವ.

ಸ್ಟೋರ್‌ಕೀಪರ್ ಮಾತ್ರ ಹಾಳೆಯನ್ನು ಎರಡು ಸಲ ಓದಿ ಹಿಂದಕ್ಕೆ ಕೊಟ್ಟರು.

"ಇದನ್ನು ಉಸ್ತಾದರ ಹತ್ರ ತೋರಿಸಿದ್ದೀರಾ?"

ಇಲ್ಲ, ಅವರಿಗೆ ಆಮೇಲೆ ತಿಳಿಯುತ್ತದೆ ಎಂದೆ.

"ಹಾಗಾದ್ರೆ ನಾನು ಸೈನ್ ಹಾಕುದಿಲ್ಲ ಮಾರಾಯ್ರೆ. ಜೀವ ಅವರದ್ದು, ಕಾಗದ ನಿಮ್ಮದು. ಒಂದು ಮಾತು ಕೇಳಿ ಬನ್ನಿ, ಹತ್ತು ಹೆಜ್ಜೆ ಉಂಟಷ್ಟೆ."

ನಾನು ಅವರನ್ನು ಅಂಜುಬುರುಕ ಎಂದೆ. ಇಂಥ ಎಚ್ಚರಿಕೆಯೇ ಅನ್ಯಾಯಕ್ಕೆ ಗೊಬ್ಬರ ಎಂದೂ ಹೇಳಿದ ನೆನಪು. ಅವರು ಪೆಟ್ಟಿಗೆಗಳ ಮೇಲೆ ಗುರುತು ಹಾಕುವ ಕೆಲಸಕ್ಕೆ ಮರಳಿದರು. ಆ ಹತ್ತು ಹೆಜ್ಜೆಗಳನ್ನು ನಾನು ನಡೆಯಲಿಲ್ಲ.

ಮಂಗಳವಾರ ಬೆಳಿಗ್ಗೆ ಮನವಿಯನ್ನು ಮುದೀರರ, ಅಂದರೆ ನಮ್ಮ ಒಮಾನಿ ವ್ಯವಸ್ಥಾಪಕರ, ಮೇಜಿನ ಮೇಲಿಟ್ಟೆ. ಒಂದು ಪ್ರತಿಯನ್ನು ಮುಖ್ಯ ಕಚೇರಿಯ ಟಪಾಲಿಗೂ ಹಾಕಿದೆ. ಮಧ್ಯಾಹ್ನ ಕರೆ ಬಂತು. ಮುದೀರರು ಜಂಜಿಬಾರ್ ದ್ವೀಪದಲ್ಲಿ ಹುಟ್ಟಿದವರು. ಅಲ್ಲಿನ ಕ್ರಾಂತಿಯ ಸಮಯದಲ್ಲಿ ಮನೆ ಬಿಟ್ಟು ಬಂದವರೆಂದು ಕೇಳಿದ್ದೆ. ಸಿಟ್ಟಾಗುತ್ತಾರೆ ಎಂದುಕೊಂಡು ಉತ್ತರಗಳನ್ನು ಸಿದ್ಧಮಾಡಿಕೊಂಡು ಹೋಗಿದ್ದೆ. ಅವರು ಸಿಟ್ಟಾಗಲಿಲ್ಲ. ಕುಳಿತುಕೊಳ್ಳಲು ಹೇಳಿ, ಡ್ರಾಯರಿನಿಂದ ಒಂದು ಪತ್ರ ತೆಗೆದು ನನ್ನೆದುರು ಇಟ್ಟರು. ಉಸ್ತಾದರನ್ನು ಪರಿಚಿತ ಗುತ್ತಿಗೆದಾರರೊಬ್ಬರ ಕಫಾಲತ್ತಿಗೆ, ಅಂದರೆ ಪ್ರಾಯೋಜಕತ್ವಕ್ಕೆ, ವರ್ಗಾಯಿಸಿ, ಅಲ್ಲಿಂದ ಎರವಲಾಗಿ ಇದೇ ಮೇಜಿಗೆ ಕರೆಸಿಕೊಳ್ಳುವ ಏರ್ಪಾಡು ಅದರಲ್ಲಿತ್ತು. ಬುಧವಾರ ಸಹಿಯಾಗಬೇಕಿತ್ತು.

"ನಾನು ಆ ದ್ವೀಪ ಬಿಟ್ಟಾಗ ನನ್ನನ್ನು ಕರೆದುಕೊಳ್ಳಲು ಒಂದು ದೇಶವಿತ್ತು," ಎಂದರು. "ಅವನಿಗಿಲ್ಲ. ಅದಕ್ಕೇ ಯಾರಿಗೂ ಹೇಳದೆ ಇದನ್ನು ಮಾಡಿದೆ. ಒಬ್ಬ ನೌಕರನ ವರ್ಗಾವಣೆಗೆ ನಾನು ಸಹಿ ಹಾಕಬಲ್ಲೆ, ಮೇಡಂ. ಇಷ್ಟು ಜನ ಸಹಿ ಹಾಕಿದ, ದೇಶಗಳ ವಿಷಯ ಬರೆದ ಕಾಗದ ಬಂದಮೇಲೆ ಅವನು ನೌಕರನಲ್ಲ, ಒಂದು ಪ್ರಕರಣ. ಗುತ್ತಿಗೆದಾರನಿಗೂ ಸುದ್ದಿ ಮುಟ್ಟಿದೆ; ಈಗ ಫೋನ್ ಮಾಡಿ ತನಗೆ ಬೇಡವೆಂದ. ಖಲಾಸ್."

ಮನವಿಯನ್ನು ಹಿಂದಕ್ಕೆ ಪಡೆಯುತ್ತೇನೆ ಎಂದೆ. ಮುಖ್ಯ ಕಚೇರಿಗೆ ಕಳುಹಿಸಿದ್ದನ್ನು ಹೇಗೆ ಹಿಂದಕ್ಕೆ ಪಡೆಯುತ್ತೀರಿ ಎಂದು ಅವರು ಕೇಳಿದರು. ಅದು ನಿಜಕ್ಕೂ ತಿಳಿದುಕೊಳ್ಳಲು ಕೇಳಿದ ಪ್ರಶ್ನೆಯಾಗಿತ್ತು.

ಅಂದು ಸಂಜೆಯೂ ಕಾರಿನ ಹಿಂದಿನ ಬಾಗಿಲು ನನಗಾಗಿ ತೆರೆದೇ ಇತ್ತು. ಉಸ್ತಾದರು ಎಂದಿನ ವೇಗದಲ್ಲೇ ಓಡಿಸಿದರು. ಇಳಿಜಾರಿನಲ್ಲಿ ವಾದಿ ಕಬೀರ್‌ನ ಗ್ಯಾರೇಜುಗಳು ಕಾಣಿಸಿದಾಗ, ನಾನು ತಡವರಿಸುತ್ತ ಕ್ಷಮೆ ಕೇಳಿದೆ. ನನಗೆ ಮೊದಲೇ ಹೇಳಬಹುದಿತ್ತಲ್ಲ ಎಂದೂ ಸೇರಿಸಿದೆ. ಆ ಮಾತಿಗಾಗಿ ಇವತ್ತಿಗೂ ನಾಚಿಕೆಪಡುತ್ತೇನೆ.

"ಮುದೀರರಿಗೆ ಮಾತು ಕೊಟ್ಟಿದ್ದೆ," ಎಂದರು. ಸ್ವಲ್ಪ ದೂರ ಹೋದಮೇಲೆ, "ನೀವು ಬರೆದದ್ದನ್ನು ಓದಿದೆ. ಒಂದು ತಪ್ಪೂ ಇಲ್ಲ. ನಮ್ಮ ವಿಷಯವಾಗಿ ಬರೆಯುವವರೆಲ್ಲ ಚೆನ್ನಾಗಿಯೇ ಬರೆಯುತ್ತಾರೆ, ಸಿಸ್ಟರ್. ಬರೆಯುವ ಮುಂಚೆ ಬಾಗಿಲು ತಟ್ಟುವುದಿಲ್ಲ."

ಸ್ಟೋರ್‌ಕೀಪರ್ ಕಿಟಕಿಯಾಚೆ ನೋಡುತ್ತಿದ್ದರು. 'ನಾನು ಹೇಳಿದ್ದೆ' ಎಂದು ಅವರು ಅಂದೂ ಅನ್ನಲಿಲ್ಲ, ಮುಂದೆಂದೂ ಅನ್ನಲಿಲ್ಲ.

ಒಂದು ಇಡೀ ಜನತೆಗೆ ಇದೆಯೆಂದು ನಾನು ಬಹುಮಾನ ಪಡೆಯುವಷ್ಟು ಚೆನ್ನಾಗಿ ವಾದಿಸಿದ್ದ ಹಕ್ಕನ್ನು, ಹತ್ತು ಹೆಜ್ಜೆ ದೂರದಲ್ಲಿ ಕೂತಿದ್ದ ಒಬ್ಬ ಮನುಷ್ಯನಿಗೆ ನಿರಾಕರಿಸಿದ್ದೆ. ಅವರು ಮಾತನಾಡಲಾರರೆಂದು ನಾನೇ ತೀರ್ಮಾನಿಸಿ, ಅವರ ಪರವಾಗಿ ಮಾತನಾಡಿದ್ದೆ. ಉದ್ದೇಶ ಒಳ್ಳೆಯದಿತ್ತು ಎಂದು ಗಂಡ ಸಮಾಧಾನ ಹೇಳಿದರು. ಉಸ್ತಾದರ ದೇಶವನ್ನು ನಕ್ಷೆಗಳ ಮೇಲೆ ಗೆರೆ ಎಳೆದು ಹಂಚಿದವರಲ್ಲೂ ಒಳ್ಳೆಯ ಉದ್ದೇಶದವರು ಕೆಲವರು ಇದ್ದಿರಬೇಕು.

ಮೂರು ವಾರಗಳ ನಂತರ ಬೇರೊಂದು ಅರಬ್ ದೇಶದ ಸನಾ ನಗರದ ಒಂದು ಶಾಲೆಯಲ್ಲಿ ಉಸ್ತಾದರಿಗೆ ಗಣಿತ ಕಲಿಸುವ ಕೆಲಸ ಸಿಕ್ಕಿತು. ವೀಸಾ ಅವರೊಬ್ಬರಿಗೆ ಮಾತ್ರ. ಹೆಂಡತಿ ಮತ್ತು ಮಗಳು ಕುವೈತಿನಲ್ಲಿದ್ದ ಹೆಂಡತಿಯ ಅಣ್ಣನ ಮನೆಗೆ ಹೋಗುವುದೆಂದಾಯಿತು. ಮತ್ತೆ ಮೂವರೂ ಒಂದೇ ಸೂರಿನಡಿ ಸೇರುವುದು ಯಾವಾಗ ಎಂದು ಯಾರೂ ಅವರನ್ನು ಕೇಳಲಿಲ್ಲ. ಕಾರನ್ನು ಸ್ಟೋರ್‌ಕೀಪರ್ ಕೊಂಡರು.

ಹೊರಡುವ ಹಿಂದಿನ ದಿನ ಅವರು ನನ್ನ ಮೇಜಿಗೆ ಬಂದು ತಮ್ಮ ನಮೂನೆಯನ್ನು ಕೇಳಿ ಪಡೆದರು. ಖಾಲಿಯಿದ್ದ ಅಂಕಣದಲ್ಲಿ, ನಕ್ಷೆಗಳಿಗೆ ಹೆಸರು ಬರೆಯುವ ಅದೇ ನೇರ ಅಕ್ಷರಗಳಲ್ಲಿ, 'ಲಿದ್ದ್' ಎಂದು ಬರೆದರು.

ನಾನು ಕೇಳಿದೆ. ಆ ವೇಳೆಗೆ ಕೇಳುವುದನ್ನು ಕಲಿತಿದ್ದೆ. "ಇದನ್ನು ಏನು ಮಾಡಲಿ?"

"ಟಿಕೆಟ್ ಕೊಡುವವರಿಗೆ ಬೇರೆ ಹಾಳೆಯಲ್ಲಿ ಸನಾ ಎಂದು ಬರೆದು ಕಳುಹಿಸಿ. ಇದು ಫೈಲಿನಲ್ಲಿರಲಿ. ಎಲ್ಲಾದರೂ ಒಂದು ಫೈಲಿನಲ್ಲಿ ಸರಿಯಾಗಿರಲಿ."

ಇಡುತ್ತೇನೆ ಎಂದು ಮಾತು ಕೊಟ್ಟೆ, ಇಟ್ಟೆ ಕೂಡ. ನಾಲ್ಕು ತಿಂಗಳ ನಂತರ ಮುಖ್ಯ ಕಚೇರಿಯ ತಪಾಸಣೆಯವರು ಫೈಲನ್ನು ಹಿಂದಿರುಗಿಸಿದರು. 'ಲಿದ್ದ್' ಎಂಬುದರ ಸುತ್ತ ಕೆಂಪು ಶಾಯಿಯ ವೃತ್ತ, ಪಕ್ಕದಲ್ಲಿ 'ಅಂಥ ನಿಲ್ದಾಣವಿಲ್ಲ, ಸರಿಪಡಿಸಿ' ಎಂಬ ಟಿಪ್ಪಣಿ. ಆ ವಾರ ಇನ್ನೊಂದು ಪಟ್ಟಿ ಬರಲಿದೆಯೆಂಬ ಸುದ್ದಿಯಿತ್ತು. ಗಂಡನ ಸೈಟು ಮುಚ್ಚಿತ್ತು, ಮನೆ ನಡೆಯುತ್ತಿದ್ದದ್ದು ನನ್ನ ಸಂಬಳದಿಂದ. ಮುದೀರರ ಬಳಿ ಹೋಗಬಹುದಿತ್ತು, ಹೋಗಲಿಲ್ಲ. ಹಾಳೆ ಎಲ್ಲೋ ಕಳೆದುಹೋಯಿತೆಂದು ಸುಳ್ಳು ಹೇಳಿ ಮನೆಗೆ ಒಯ್ಯಬಹುದಿತ್ತು, ಅದೂ ಹೊಳೆಯಲಿಲ್ಲ.

ಅವರನ್ನು ಕೇಳಲು ಅವರು ಅಲ್ಲಿರಲಿಲ್ಲ ಎಂಬುದು ನಿಜ. ಆದರೆ ಕೇಳಿದ್ದರೆ ಏನೆನ್ನುತ್ತಿದ್ದರೆಂದು ಈ ಸಲ ನನಗೆ ಚೆನ್ನಾಗಿ ಗೊತ್ತಿತ್ತು. ಆ ಅಕ್ಷರಗಳ ಮೇಲೆ ಬಿಳಿ ದ್ರವ ಹಚ್ಚಿ, ಒಣಗುವವರೆಗೆ ಊದಿ, ಹಾಳೆಯನ್ನು ಯಂತ್ರಕ್ಕೆ ಏರಿಸಿ, ಸನಾ ಎಂದು ಬೆರಳಚ್ಚು ಮಾಡಿದೆ.