ಹತ್ತನೇ ನಂಬರಿನ ಹಾಡು

ಟೇಲರ್ ಅಕ್ಕನ ಎಡಗೈ ತೋರುಬೆರಳಿನ ಉಗುರು ನಡುವೆ ಸೀಳಿ ಎರಡು ಪಾಲಾಗಿ ಬೆಳೆಯುತ್ತಿತ್ತು. ಎಂದೋ ಹೊಲಿಗೆ ಯಂತ್ರದ ಸೂಜಿ ಉಗುರಿನ ಬುಡದಲ್ಲಿ ತೂರಿ ಕೆಳಗಿಳಿದಿತ್ತಂತೆ. ಯಾರಾದರೂ ಕೇಳಿದರೆ ಅಕ್ಕ ಸೂಜಿಯನ್ನು ಬೈಯುತ್ತಿರಲಿಲ್ಲ, ಹಾಡನ್ನು ಬೈಯುತ್ತಿದ್ದರು. “ಟೇಪಿನ್ಯಾಗ ಹಾಡು ಗಕ್ಕನ ನಿಂತ್ಬಿಡ್ತು ನೋಡ್ರಿ. ಕಾಲಿಗೆ ತಾಳ ತಪ್ಪಿತು, ಕೈಗೆ ಬಟ್ಟಿ ತಪ್ಪಿತು” ಎಂದು ಆ ಬೆರಳನ್ನು ಎತ್ತಿ ತೋರಿಸುವರು.

ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ನಮ್ಮ ಓಣಿಯ ಮೂರನೆಯ ಮನೆ ಅವರದು. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ, ಅದರ ಮೇಲೆ ಗೋಡೆಗೆ ಬುದ್ಧನ ಪಟ, ಮೂಲೆಯಲ್ಲಿ ಲಂಗದ ಬಟ್ಟೆ ಹೊದ್ದ ಹಳೆಯ ಕಂಪ್ಯೂಟರು. ನಾನು ಕುರುಗೋಡಿನ ಶಾಲೆಯೊಂದರಲ್ಲಿ ಟೀಚರು. ಬ್ಲೌಸಿಗೆ ಅಳತೆ ಕೊಡಲು ಹೋದವಳನ್ನು, “ಟೀಚರಮ್ಮ, ಈ ಎರಡು ಹಾಡು ಒಂದರ ಬೆನ್ನಿಗೆ ಒಂದು ಕೂಡ್ತಾವೇನು, ಕೇಳಿ ಹೇಳ್ರಿ” ಎಂದು ಕೂರಿಸಿಕೊಂಡರು. ಅಂದು ಅಳತೆ ಕೊಡುವುದನ್ನೇ ಮರೆತು ಮನೆಗೆ ಬಂದೆ. ಆಮೇಲೆ ಒಂಬತ್ತು ವರ್ಷ ನನ್ನ ಭಾನುವಾರಗಳೆಲ್ಲ ಆ ಕೋಣೆಯಲ್ಲೇ ಕಳೆದವು.

ಅಕ್ಕನಿಗೆ ಕುಣಿಯುವ ಹಾಡುಗಳ ಹುಚ್ಚು. ಕನ್ನಡವೋ ತೆಲುಗೋ ಹಿಂದಿಯೋ, ಕಾಲು ನೆಲ ಬಿಟ್ಟೇಳಬೇಕು, ಅಷ್ಟೆ. ಹಾಗೆಂದು ಸಿಕ್ಕಿದ್ದನ್ನೆಲ್ಲ ಗುಡ್ಡೆ ಹಾಕುವವರಲ್ಲ. ಒಂದು ವಿಷಯ ಹಿಡಿದು, ಅದಕ್ಕೊಪ್ಪುವ ಹನ್ನೆರಡೋ ಹದಿನಾಲ್ಕೋ ಹಾಡು ಆರಿಸಿ, ಕ್ರಮವಾಗಿ ಕೂಡಿಸಿ ಪೆನ್‌ಡ್ರೈವಿಗೆ ಹಾಕುವರು. ಅದಕ್ಕೆ ‘ಸೆಟ್ಟು’ ಎಂದು ಹೆಸರು. ನಾಟಿ ಹಚ್ಚುವ ಹೆಣ್ಣುಮಕ್ಕಳಿಗೊಂದು ಸೆಟ್ಟು. ಮೊಣಕಾಲು ನೋವಿದ್ದೂ ಕುಣಿಯಲೇಬೇಕೆನ್ನುವ ಅತ್ತೆಯರಿಗೊಂದು. ಬಳ್ಳಾರಿಯಲ್ಲಿ ಬಸ್ಸು ಹತ್ತಿ ಕುರುಗೋಡಿನ ಮೇಲೆ ಹಾಯ್ದು ಸಿರುಗುಪ್ಪದಲ್ಲಿ ಇಳಿಯುವ ಹೊತ್ತಿಗೆ ಮುಗಿಯುವುದೊಂದು. ಕುರುಗೋಡಿನ ಗುಡ್ಡ ಕಣ್ಣಿಗೆ ಬಿದ್ದಾಗ ಯಾವ ಹಾಡು ಬರಬೇಕೆಂದು ಎರಡು ಭಾನುವಾರ ಜಗಳವೇ ನಡೆದಿತ್ತು. ಜಗಳಕ್ಕೆ ಎದುರಾಳಿ ಕುರುಗೋಡಿನ ಫೋಟೊ ಸ್ಟುಡಿಯೊದವರು, ಅವರಿಗೂ ಇದೇ ಹುಚ್ಚು. “ಅಕ್ಕಾ, ನಿಮ್ಮ ಹಾಡಿಗೆ ನಮ್ಮ ಗುಡ್ಡ ಓಡಿಹೋಗ್ತೈತಿ” ಎನ್ನುವರು. “ಹೋಗ್ಲಿ ಬಿಡ್ರಿ, ಸಿರುಗುಪ್ಪಕ್ಕ ಗುಡ್ಡ ಇಲ್ಲ, ಅಲ್ಲಿಗೆ ಬರ್ತೈತಿ” ಎಂದು ಅಕ್ಕ ಕತ್ತರಿ ಆಡಿಸುವರು.

ಹಾಡಿನ ವೇಗವನ್ನು ಅವರು ಅಳೆಯುತ್ತಿದ್ದುದು ಹೊಲಿಗೆಯಿಂದಲೇ. ಇದು ಕೈಹೊಲಿಗೆಯ ಹಾಡು, ಇದು ಸೀರೆಗೆ ಫಾಲ್ ಹಚ್ಚುವ ಹಾಡು, ಇದು ಲಂಗದ ಉದ್ದ ಹೊಲಿಗೆಯದು. ಒಂದು ಹಾಡಿನ ಬಾಲ ಕತ್ತರಿಸಿ, ಮುಂದಿನದರ ತಲೆ ಕತ್ತರಿಸಿ, ತಾಳ ಮುರಿಯದಂತೆ ಜೋಡಿಸಬೇಕು. “ಜೋಡು ಕಾಣಬಾರ್ದು ಟೀಚರಮ್ಮ. ಮೆರವಣಿಗ್ಯಾಗ ಜಗಳ ಹುಟ್ಟೋದು ಎರಡು ಹಾಡಿನ ಸಂದ್ಯಾಗ. ಕುಣಿಯೋನು ನಿಂತ ಅಂದ್ರ ಬಾಜೂಕ ಯಾರದಾರ ಅಂತ ನೋಡ್ತಾನ. ನೋಡಿದ ಅಂದ್ರ ಮುಗೀತು” ಎನ್ನುತ್ತಿದ್ದರು.

ಇನ್ನೊಂದು ನಿಯಮವಿತ್ತು. ಟ್ರಯಲ್ ನೋಡದೆ ಬ್ಲೌಸು ಕೊಡಬಾರದು, ಸೆಟ್ಟೂ ಅಷ್ಟೆ. ಕಂಪ್ಯೂಟರಿನಲ್ಲಿ ಸರಿ ಕಂಡರೆ ಸಾಲದು, ಸ್ಪೀಕರ್ ಡಬ್ಬಿಗೆ ಚುಚ್ಚಿ ಮೊದಲಿಂದ ಕೊನೆಯವರೆಗೆ ಕೇಳಬೇಕು. ಆಮೇಲೆ ಯಾರಿಗಾಗಿ ಮಾಡಿದ್ದೋ ಅವರದೇ ಬ್ಲೌಸಿನ ತುಂಡುಬಟ್ಟೆ ಹರಿದು ಪೆನ್‌ಡ್ರೈವಿಗೆ ಕಟ್ಟುವರು. ಅದೇ ಹೆಸರು, ಅದೇ ವಿಳಾಸ.

ನಾಲ್ಕು ವರ್ಷದ ಹಿಂದೆ ಅಕ್ಕನ ತಮ್ಮನ ಮಗಳ ಮದುವೆ ಕೂಡಿಬಂತು. ತೆಕ್ಕಲಕೋಟೆ ದಾಟಿ ಕಾಲುವೆಯ ಗುಂಟ ಹೋದರೆ ಸಿಗುವ ಊರು, ಹೆಸರು ಬೇಡ. ಆ ಊರಿನಲ್ಲಿ ಅಕ್ಕನವರ ಕೇರಿಯ ಮೆರವಣಿಗೆ ನಡುಬೀದಿಗೆ ಬರುವಂತಿರಲಿಲ್ಲ. ಹಾಗೆಂದು ಯಾರೂ ಬರೆದಿಟ್ಟಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಅಕ್ಕನ ಮದುವೆಯ ಮೆರವಣಿಗೆ ಕಾಲುವೆ ದಂಡೆಯ ಕೆಸರಿನಲ್ಲಿ ಹೋಗಿತ್ತು. ಈ ಹುಡುಗಿಯ ಒಡಹುಟ್ಟಿದ ಅಕ್ಕನ ಮೆರವಣಿಗೆ ನಡುಬೀದಿಗೆ ಕಾಲಿಟ್ಟಾಗ ಕಲ್ಲು ಬಿದ್ದು, ತಿರುಗಿಸಿಕೊಂಡು ಅದೇ ಕೆಸರಿಗೆ ಇಳಿಯಬೇಕಾಗಿತ್ತು. ಈ ಸಲ ಹುಡುಗಿ ಹಟ ಹಿಡಿದಿದ್ದಳು. “ನಡುಬೀದಿಗುಂಟ ಹೋಗೋದಾದ್ರ ಮೆರವಣಿಗಿ. ಇಲ್ಲಂದ್ರ ಬಸ್ ಹತ್ತಿ ಹೋಗ್ತೀನಿ ಅತ್ತಿ” ಎಂದಿದ್ದಳು.

ಊರ ಹಿರಿಯರು ನಾಲ್ಕು ಸಲ ಕೂತೆದ್ದು ಕೊನೆಗೆ ಒಪ್ಪಿದರು. ಒಂದೇ ಷರತ್ತು: ನಡುಬೀದಿಯ ದೊಡ್ಡಮನೆಯಲ್ಲಿ ಮುದುಕಿ ಹಾಸಿಗೆ ಹಿಡಿದಿದ್ದಾಳೆ, ಅಲ್ಲಿ ಅಬ್ಬರದ ಹಾಡು ಬೇಡ, ಕುಣಿತ ಬೇಡ. ಅಕ್ಕ ಒಪ್ಪಿಕೊಂಡರು. “ಜಡ್ಡಿನವರ ಮನಿ ಮುಂದ ಸಪ್ಪಳ ಕಡಿಮಿ ಮಾಡೋದು ಮನುಷ್ಯರ ಲಕ್ಷಣ. ಹಾದಿ ಬಿಡೋದು ಬ್ಯಾರೆ ಮಾತು, ಅದನ್ನ ಬಿಡಂಗಿಲ್ಲ” ಎಂದರು.

ಆ ಸೆಟ್ಟಿಗಾಗಿ ಅಕ್ಕ ಊರಿಗೆ ಹೋಗಿ ಫೋನಿನಲ್ಲಿ ನಿಮಿಷ ಎಣಿಸುತ್ತಾ ಬೀದಿ ನಡೆದು ನೋಡಿ ಬಂದರು. ಶಾಲೆಯ ಬಯಲಿನ ಚಪ್ಪರದಿಂದ ಬೇವಿನ ಮರದ ತಿರುವಿನವರೆಗೆ ಒಂದನೇ ಹಾಡು. ದೊಡ್ಡಮನೆ ಬರುವಾಗ ಎರಡು ಮತ್ತು ಮೂರು, ಎರಡೂ ಕೊಳಲಿನ ಮೆದು ಹಾಡು. ಅಲ್ಲಿಂದ ಒಂದೊಂದೇ ಮೆಟ್ಟಿಲು ಏರಿದಂತೆ ಏರಿ, ಕೇರಿಯ ಬಾಯಿಗೆ ಬಂದಾಗ ಹತ್ತನೇ ನಂಬರು. ತಮಟೆಯ ಹಾಡು ಅದು, ಕೇಳಿದರೆ ಕೂತ ಮಂಚವೂ ಕುಣಿಯಬೇಕು. ಎರಡು ತಲೆಮಾರಿನಿಂದ ಒಳಗೆ ಇಟ್ಟುಕೊಂಡದ್ದೆಲ್ಲ ಆ ಹಾಡಿಗೆ ಹೊರಗೆ ಬರಲಿ ಎಂಬುದು ಅಕ್ಕನ ಲೆಕ್ಕ.

ಪೆನ್‌ಡ್ರೈವಿಗೆ ಹಾಕಿ ನಂಬರು ಕೊಡುವ ಕೆಲಸ ನನ್ನದು. ದಿನಾ ಹಾಜರಿ ಪುಸ್ತಕದಲ್ಲಿ ನಂಬರು ಬರೆಯುವವಳು ನಾನು, ಆ ವಿಷಯದಲ್ಲಿ ನನಗೆ ಯಾರೂ ಹೇಳಿಕೊಡಬೇಕಿಲ್ಲ ಎಂಬ ಕೊಬ್ಬು ಬೇರೆ. ಒಂದರಿಂದ ಹದಿನಾಲ್ಕರವರೆಗೆ ಹಚ್ಚಿದೆ. ಪರದೆಯ ಮೇಲೆ ಸಾಲಾಗಿ ಚೆಂದ ಕಂಡವು. ಮದುವೆಗೆ ಉಡುವ ಸೀರೆ ಇಸ್ತ್ರಿಗೆ ಕೊಡುವ ಅವಸರ ನನಗೆ. ಅಕ್ಕ ಒಳಗಿನಿಂದ, “ಟ್ರಯಲ್ ನೋಡಿದ್ರೇನು?” ಎಂದು ಕೂಗಿದರು. “ನೋಡಿದೆ ಅಕ್ಕ” ಎಂದೆ. ನೋಡಿರಲಿಲ್ಲ.

ಮದುವೆಯಾಗಿ ಊಟವಾಗಿ ಮಧ್ಯಾಹ್ನ ಮೂರರ ಹೊತ್ತಿಗೆ ಮೆರವಣಿಗೆ ಹೊರಟಿತು. ಮುಂದೆ ಸ್ಪೀಕರು ಹೇರಿದ ಸಣ್ಣ ಗೂಡ್ಸ್ ಗಾಡಿ, ಅದರ ಹಿಂದೆ ಹುಡುಗರು, ಹೆಂಗಸರು, ಕೊನೆಗೆ ತೆರೆದ ಜೀಪಿನಲ್ಲಿ ಮದುಮಕ್ಕಳು. ಅಕ್ಕ, ನಾನು ಗಾಡಿಯ ಪಕ್ಕದಲ್ಲಿ. ಅಕ್ಕನ ಕೈ ನನ್ನ ಕೈಯಲ್ಲಿತ್ತು. ಬೇವಿನ ಮರ ಬಂತು. ದೊಡ್ಡಮನೆಯ ಕಟ್ಟೆಯ ಮೇಲೆ ಹತ್ತು ಹನ್ನೆರಡು ಗಂಡಸರು ಕೂತಿದ್ದರು. ನಮ್ಮ ಕಡೆಯ ಹುಡುಗರು ಅತ್ತ ನೋಡದವರಂತೆ ನೋಡುತ್ತಿದ್ದರು. ಒಂದನೇ ಹಾಡು ಮುಗಿಯಿತು. ಈಗ ಕೊಳಲು ಬರಬೇಕು.

ಬಂದದ್ದು ತಮಟೆ.

ನನ್ನ ತಪ್ಪು ಆಗ ಹೊಳೆಯಿತು. ನಾವು ಒಂದಾದ ಮೇಲೆ ಎರಡು ಎಣಿಸುತ್ತೇವೆ. ಗಾಡಿಯ ಆ ಡಬ್ಬಿ ಒಂದು ಎಂಬ ಅಂಕಿಯಿಂದ ಶುರುವಾಗುವುದನ್ನೆಲ್ಲ ಮೊದಲು ಎತ್ತಿಕೊಳ್ಳುತ್ತದೆ. ಒಂದು, ಹತ್ತು, ಹನ್ನೊಂದು, ಹದಿನಾಲ್ಕರವರೆಗೆ ಮುಗಿಸಿ ಆಮೇಲೆ ಎರಡಕ್ಕೆ ಬರುತ್ತದೆ. ಒಂದರಿಂದ ಒಂಬತ್ತರವರೆಗೆ ಅಂಕಿಯ ಎಡಕ್ಕೊಂದು ಸೊನ್ನೆ ಇಟ್ಟಿದ್ದರೆ ಸಾಕಿತ್ತು. ಡಬ್ಬಿಗೆ ಚುಚ್ಚಿ ಐದು ನಿಮಿಷ ಕೇಳಿದ್ದರೂ ಗೊತ್ತಾಗುತ್ತಿತ್ತು. ಹುಡುಗರ ಕಾಲು ಆಗಲೇ ಎದ್ದಿದ್ದವು. ಕಟ್ಟೆಯ ಮೇಲಿನವರೂ ಎದ್ದು ನಿಂತರು. ಅವರಲ್ಲೊಬ್ಬ ಬಗ್ಗಿ ಏನನ್ನೋ ಕೈಗೆತ್ತಿಕೊಂಡ.

“ಬಂದ್ ಮಾಡ್ರಿ, ಬಂದ್ ಮಾಡ್ರಿ!” ಎಂದು ನಾನು ಡ್ರೈವರನಿಗೆ ಚೀರಿದೆ.

“ಮುಟ್ಟಬ್ಯಾಡ!” ಎಂದರು ಅಕ್ಕ. ಸೀರೆಯ ನೆರಿಗೆ ಎತ್ತಿ ಕಟ್ಟಿ, ಐವತ್ತು ದಾಟಿದ ಆ ಹೆಂಗಸು ಒಂದೇ ನೆಗೆತಕ್ಕೆ ಗಾಡಿ ಹತ್ತಿದರು. ವಾಲ್ಯೂಮಿನ ಗುಂಡಿಯ ಮೇಲೆ ಎಡಗೈ ಇಟ್ಟರು. ಓಡುವ ಯಂತ್ರ ನಿಲ್ಲಿಸುವಾಗ ಅವರು ಚಕ್ರದ ಮೇಲೆ ಅಂಗೈ ಇಡುತ್ತಿದ್ದರು, ಹಾಗೆಯೇ. ಗಕ್ಕನೆ ಇಳಿಸಲಿಲ್ಲ. ಕೂದಲೆಳೆಯಷ್ಟು, ಇನ್ನೊಂದು ಎಳೆಯಷ್ಟು. ಬಲಗೈಯಲ್ಲಿ ಹುಡುಗರಿಗೆ ತಾಳ ತೋರಿಸುತ್ತಾ, ಆ ತಾಳವನ್ನು ನಿಧಾನ ಮಾಡುತ್ತಾ ಬಂದರು. ಎಗರುತ್ತಿದ್ದವರು ಹೆಜ್ಜೆಗೆ ಇಳಿದರು, ಹೆಜ್ಜೆಯವರು ನಡಿಗೆಗೆ ಇಳಿದರು. ಹಾಡು ನಿಂತಿರಲಿಲ್ಲ, ಗುನುಗುವಷ್ಟು ಉಳಿದಿತ್ತು.

ಕಟ್ಟೆಯಿಂದ ಒಬ್ಬ ಇಳಿದು ಬಂದು ಗಾಡಿಗೆ ಅಡ್ಡ ನಿಂತ. ಮುದುಕಿಯ ಮಗನಂತೆ. “ಮಾತೇನಾಗಿತ್ತು? ಮೆತ್ತಗ ಹೋಗ್ತೀವಿ ಅಂದಿದ್ರಿಲ್ಲ? ಯಾವ ಮಗ ಹಾಕಿದ್ನಲೇ ಇದನ್ನ?”

ನಾನು ಬಾಯಿ ತೆರೆದೆ. ಅಕ್ಕ ನನ್ನತ್ತ ನೋಡಲೂ ಇಲ್ಲ.

“ಯಾವ ಮಗನೂ ಅಲ್ಲಣ್ಣ, ನಾನು ಹಾಕಿದ್ದು. ನಂಬರ್ ಹಚ್ಚೋದು ತಪ್ಪೈತಿ. ನಂಬರ್ ತಪ್ಪಿದ್ದಕ್ಕ ತಪ್ಪಾತು ಅಂತೀನಿ, ನಿಮ್ಮವ್ವಗ ತ್ರಾಸಾಗಿದ್ರ ಅದಕ್ಕೂ ತಪ್ಪಾತು ಅಂತೀನಿ. ಈ ಹಾದಿಲೆ ಬಂದಿದ್ದಕ್ಕ ಮಾತ್ರ ಅನ್ನಂಗಿಲ್ಲ.”

ಗುಂಡಿಯ ಮೇಲೆ ಆ ಸೀಳು ಉಗುರಿನ ಬೆರಳು ಅಲುಗಾಡದೆ ಇತ್ತು, ಅದೊಂದನ್ನೇ ನೋಡುತ್ತಿದ್ದೆ. ಅವನು ಅಕ್ಕನ ಮುಖ ನೋಡಿದ, ತನ್ನ ಮನೆಯ ಕಿಟಕಿ ನೋಡಿದ. ಹಿಂದೆ ತಿರುಗಿ, “ಇಡೋ ಕೆಳಗ” ಎಂದು ಗದರಿದ. ಕಲ್ಲು ನೆಲಕ್ಕೆ ಬಿದ್ದ ಸದ್ದು ಕೇಳಿತು.

“ಜಲ್ದಿ ಹೋಗ್ರಿ” ಎಂದ.

“ಓಡಂಗಿಲ್ಲಣ್ಣ. ಮದುವಿ ಮೆರವಣಿಗಿ ಹೆಂಗ ನಡೀಬೇಕೋ ಹಂಗ ನಡೀತೀವಿ” ಎಂದರು ಅಕ್ಕ. ಡ್ರೈವರನಿಗೆ ಕೈ ಮಾಡಿದರು. ಅಡ್ಡ ನಿಂತವನು ಪಕ್ಕಕ್ಕೆ ಸರಿದ. ಜೀಪು ದೊಡ್ಡಮನೆಯ ಮುಂದೆ ಹಾಯುವಾಗ ಮದುಮಗಳು ತಲೆ ತಗ್ಗಿಸಲಿಲ್ಲ. ನಡುವೆ ಕುಣಿಯಲು ಎಲ್ಲೂ ನಿಲ್ಲದ್ದರಿಂದ ಹದಿನಾಲ್ಕನೆಯ ಹಾಡು ಮುಗಿಯುವಾಗಲೇ ಕೇರಿಯ ಬಾಯಿ ಬಂತು, ಅಕ್ಕ ವಾಲ್ಯೂಮು ಪೂರ್ತಿ ಏರಿಸಿದರು. ಆಗ ಬಂತು ಎರಡನೇ ನಂಬರಿನ ಕೊಳಲು. ಕುಣಿಯಲೆಂದೇ ಸೆರಗು ಸಿಕ್ಕಿಸಿ ಕಾದಿದ್ದ ಹೆಂಗಸರು ಪೆಚ್ಚಾಗಿ ನಿಂತು, ಆಮೇಲೆ ಬಿದ್ದು ಬಿದ್ದು ನಕ್ಕರು, ನಗುತ್ತಲೇ ಅತ್ತರು.

ಬಳ್ಳಾರಿ ಬಸ್ಸಿನಲ್ಲಿ ಅಕ್ಕ, “ಟ್ರಯಲ್ ನೋಡಿದ್ರೇನು?” ಎಂದು ಮತ್ತೆ ಕೇಳಿದರು. ಇಲ್ಲ ಎಂದೆ. ಕುರುಗೋಡಿನ ಗುಡ್ಡ ಹಿಂದೆ ಸರಿದ ಮೇಲೆ, “ಬ್ಲೌಸ್ ಬಿಗಿ ಆದ್ರ ಬಿಚ್ಚಿ ಹೊಲೀಬೌದು ಟೀಚರಮ್ಮ. ಇವತ್ತು ಒಂದು ಕಲ್ಲು ಬಿದ್ದಿದ್ರ ಏನು ಬಿಚ್ಚಿ ಏನು ಹೊಲೀತಿದ್ರಿ?” ಎಂದರು. ಎಲ್ಲರಿಗೂ ನಿಜ ಹೇಳಿಬಿಡುತ್ತೇನೆ ಎಂದೆ. ಅವರು ಬೇಡವೆಂದರು. ನನ್ನ ಜಾತಿ, ಆ ದೊಡ್ಡಮನೆಯವರ ಜಾತಿ ಒಂದೇ. “ನೀವು ಅಂದ್ರ ಬೇಕಂತ ಮಾಡ್ಯಾರ ಅಂತ ಯಾರರ ಅಂತಾರ. ನಾನು ಅಂದ್ರ ನಕ್ಕು ಬಿಡ್ತಾರ. ನಗ್ಲಿ.”

ನಕ್ಕರು. ನಾಲ್ಕು ವರ್ಷ ನಕ್ಕರು. ಯಾವ ಮದುವೆಗೆ ಹೋದರೂ “ಅತ್ತಿ, ನಂಬರ್ ನೋಡಿ ಹಚ್ರಿ ಮತ್ತ” ಎಂದು ಛೇಡಿಸುವರು. ಸ್ಟುಡಿಯೊದವರಂತೂ ಅಕ್ಕನಿಗೆ ‘ಹತ್ತನೇ ನಂಬರು’ ಎಂದೇ ಹೆಸರಿಟ್ಟರು. ಕೆಲಸದಲ್ಲಿ ಒಂದು ನೂಲೂ ಜಾರಗೊಡದ ಆ ಮಾನಿ ಹೆಂಗಸು ಎಲ್ಲವನ್ನೂ ನಗುತ್ತಾ ನುಂಗಿದರು. ನಾನು ಪಕ್ಕದಲ್ಲಿ ಕೂತು ಚಹ ಕುಡಿಯುತ್ತಿದ್ದೆ. ಅವರೇ ಬೇಡವೆಂದಿದ್ದಾರಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ನಿಜವೆಂದರೆ ಅವರು ಬೇಡವೆಂದದ್ದು ನನಗೆ ಹಿತವಾಗಿತ್ತು.

ಕಳೆದ ಚಳಿಗಾಲದಲ್ಲಿ ಅಕ್ಕ ತೀರಿಕೊಂಡರು. ಮೂರೇ ವಾರದ ಜ್ವರ. ಬುದ್ಧವಂದನೆ ಮುಗಿದ ಮೇಲೆ ಎಲ್ಲರೂ ಆ ಮುಂದಿನ ಕೋಣೆಯಲ್ಲಿ ಕೂತಿದ್ದೆವು. ಯಂತ್ರದ ಡ್ರಾಯರಿನಲ್ಲಿ ತಮ್ಮನ ಮಗಳಿಗೆ ಒಂದು ಪೆನ್‌ಡ್ರೈವು ಸಿಕ್ಕಿತು, ಅವಳ ಮದುವೆಯ ಹಸಿರು ಬ್ಲೌಸಿನ ತುಂಡು ಕಟ್ಟಿದ್ದು. ಅವಳು ಅಳುತ್ತಾ ನಗುತ್ತಾ ಬಂದವರಿಗೆಲ್ಲ ಆ ಕಥೆ ಹೇಳತೊಡಗಿದಳು. “ನಮ್ಮತ್ತಿ ಜೀವನದಾಗ ಮಾಡಿದ್ದು ಒಂದೇ ತಪ್ಪು…”

“ಅದು ಅವರ ತಪ್ಪಲ್ಲ” ಎಂದೆ. ದನಿ ನನ್ನದೇ ಎಂದು ನನಗೇ ತಿಳಿಯಲಿಲ್ಲ. “ನಂಬರ್ ಹಚ್ಚಿದವಳು ನಾನು. ಟ್ರಯಲ್ ನೋಡಿದೆ ಅಂತ ಸುಳ್ಳು ಹೇಳಿದವಳೂ ನಾನೇ.”

ಒಬ್ಬರೂ ನನ್ನ ಮುಖದಿಂದ ಕಣ್ಣು ತೆಗೆಯಲಿಲ್ಲ. ಕಟ್ಟೆಯ ಮೇಲಿನವರು ಎದ್ದು ನಿಂತದ್ದು, ಒಬ್ಬ ಬಗ್ಗಿದ್ದು, ಎಲ್ಲ ಅವರ ಕಣ್ಣ ಮುಂದೆ ಹಾಯುತ್ತಿರಬೇಕು. ಎದ್ದು ಹೋಗು ಎಂದಿದ್ದರೆ ಹೋಗುತ್ತಿದ್ದೆ. ಹುಡುಗಿ ಕಂಪ್ಯೂಟರಿನ ಮೇಲಿನ ಲಂಗದ ಬಟ್ಟೆ ಎಳೆದಳು, ಪೆನ್‌ಡ್ರೈವನ್ನು ನನ್ನ ಕೈಗೆ ಕೊಟ್ಟಳು.

“ಕುಂದರ್ರಿ. ಸರಿ ಮಾಡ್ರಿ” ಎಂದಳು.

ಅಕ್ಕನ ಕುರ್ಚಿಯಲ್ಲಿ ಕೂತು ಒಂದರಿಂದ ಒಂಬತ್ತರವರೆಗೆ ಒಂದೊಂದರ ಎಡಕ್ಕೂ ಒಂದು ಸೊನ್ನೆ ಇಟ್ಟೆ. ಪರದೆ ನೋಡಿ ಆಯಿತು ಎನ್ನಲಿಲ್ಲ. ಸ್ಪೀಕರ್ ಡಬ್ಬಿಗೆ ಚುಚ್ಚಿದೆ. ಒಂದನೇ ಹಾಡು ಶುರುವಾಯಿತು, ಎಲ್ಲರೂ ಕೂತು ಕೇಳಿದರು. ಅದು ಮುಗಿಯುತ್ತಾ ಬಂದಾಗ ಅಂದು ಅಕ್ಕ ಇಟ್ಟ ಹಾಗೆಯೇ ವಾಲ್ಯೂಮಿನ ಗುಂಡಿಯ ಮೇಲೆ ಎಡಗೈ ಇಟ್ಟೆ. ಕೊಳಲು ಬಂತು. ಜೋಡು ಎಲ್ಲಿತ್ತೋ, ಕಾಣಲಿಲ್ಲ.