ಬೊಮ್ಮಿ ಅಕ್ಕೋರ ಸಿಟ್ಟು ಮತ್ತು ಸುಧಾರಣೆಯ ಕಪ್

ಭಾವಿಕೇರಿಯ ಬೊಮ್ಮಿ ನಾಯಕಳಿಗೆ ಸಿಟ್ಟು ಬರಲು ಕಾರಣವೇ ಬೇಡ ಎಂದು ಊರಲ್ಲಿ ಹೇಳುತ್ತಾರೆ. ಇದು ಶುದ್ಧ ಸುಳ್ಳು. ಕಾರಣ ಯಾವಾಗಲೂ ಇರುತ್ತಿತ್ತು. ಉಳಿದವರಿಗೆ ಅದು ಕಾಣುತ್ತಿರಲಿಲ್ಲ, ಅಥವಾ ಕಂಡರೂ ಕಾಣದ ಹಾಗೆ ಇರುವುದೇ ಅವರಿಗೆ ಅನುಕೂಲವಾಗಿತ್ತು. ಹಾಲಿಗೆ ನೀರು ಬೆರೆಸಿ ಎಮ್ಮೆಯನ್ನು ದೂರುವ ಹಾಲಿನವನಿಂದ ಹಿಡಿದು ಆಟದ ಪಿರಿಯಡ್ಡನ್ನು ಗಣಿತಕ್ಕೆ ಕಿತ್ತುಕೊಳ್ಳುವ ಹೆಡ್‌ಮಾಸ್ತರರ ತನಕ ಅವಳ ಬಾಯಿಗೆ ಸಿಕ್ಕವರೆಲ್ಲ ಸಿಗಬೇಕಾದವರೇ ಆಗಿದ್ದರು.

ಅವಳು ಕಾರವಾರದ ಒಂದು ಹೈಸ್ಕೂಲಿನಲ್ಲಿ ಆಟ ಕಲಿಸುವ ಅಕ್ಕೋರು. ಕಾಟನ್ ಸೀರೆ, ಕ್ಯಾನ್ವಾಸ್ ಬೂಟು, ಕೊರಳಲ್ಲಿ ತಾಳಿಯ ಜೊತೆಗೇ ಸೀಟಿ. ದಿನಾ ಬೆಳಿಗ್ಗೆ ಅಂಕೋಲೆಯಿಂದ ಬಸ್ಸು ಹತ್ತಿ ಹೋಗುವುದು, ಸಂಜೆ ಅದೇ ದಾರಿ ಹಿಡಿದು ಬರುವುದು. ಬಾಸ್ಕೆಟ್‌ಬಾಲ್ ಎಂಬ ಆಟವನ್ನು ಅವಳು ಮೊದಲು ಕಂಡದ್ದು ಧಾರವಾಡದಲ್ಲಿ, ಶಿಕ್ಷಕಿಯ ತರಬೇತಿಗೆ ಹೋದಾಗ. ಗದ್ದೆಯ ಬದುವಿನ ಮೇಲೆ ಭತ್ತದ ಸೂಡಿ ಹೊತ್ತು ಓಡಿದ ಕಾಲು ಸಿಮೆಂಟಿನ ಅಂಗಳದಲ್ಲಿ ನಿಲ್ಲುತ್ತದೆಯೇ? ಎರಡೇ ತಿಂಗಳಿಗೆ ಆಟ ಹಿಡಿದುಬಿಟ್ಟಳು. ಆದರೆ ಕಾಲೇಜು ತಂಡದ ಆಯ್ಕೆಯಾದ ದಿನ ಅವಳ ಹೆಸರಿರಲಿಲ್ಲ. ಯಾಕೆಂದು ಕೇಳಿದರೆ "ಕಮಿಟಿಯ ತೀರ್ಮಾನ" ಎಂದರು. ಇದನ್ನು ನೆನೆಸಿಕೊಂಡರೆ ಅವಳಿಗೆ ಈಗಲೂ ಮೈ ಉರಿಯುತ್ತದೆ.

"ಕುಳ್ಳಿ ಅಂದಿದ್ರೆ ಹಾರೂದು ಕಲೀತಿದ್ದೆ. ನಿಧಾನ ಅಂದಿದ್ರೆ ಓಡೂದು ಕಲೀತಿದ್ದೆ. ಕಮಿಟಿ ಅಂದ್ರೆ ಎಂತ ಕಲಿಯೂದು ಹೇಳಿ ನೋಡ್ವ?" ಎಂದು ಅವಳು ಗಂಡ ಶಾಂತಾರಾಮನನ್ನು ಕೇಳುತ್ತಿದ್ದಳು. ಅವನು ಪೋಸ್ಟಾಫೀಸಿನ ಮನುಷ್ಯ. ಉತ್ತರ ಬೇಡದ ಪ್ರಶ್ನೆ ಯಾವುದು ಎಂದು ಮದುವೆಯಾದ ವರ್ಷವೇ ಕಲಿತಿದ್ದ.

ಅಂಥವಳನ್ನು ಎರಡು ಸಾವಿರದ ಏಳರಲ್ಲಿ ಒಂದು ಕಮಿಟಿಗೇ ಹಾಕಿದರು. ಆಗ ನಮ್ಮ ಕರಾವಳಿಯಲ್ಲಿ ನಾಲ್ಕು ತಂಡಗಳ ಒಂದು ಮಹಿಳಾ ಲೀಗ್ ನಡೆಯುತ್ತಿತ್ತು. ಆಡುವ ಹುಡುಗಿಯರಿಗೆ ತಿಂಗಳ ಸಂಬಳವಿತ್ತು. ನಡೆಸುತ್ತಿದ್ದವರು ಕಾರವಾರದಲ್ಲಿ ಬೋಟಿನ ಬಿಡಿಭಾಗ ಮಾರುವ ರಾಮನಾಥ ಎಂಬ ವ್ಯಾಪಾರಿ. ದೊಡ್ಡ ಮನಸ್ಸಿನವರು, ಸಣ್ಣ ಧೈರ್ಯದವರು. ಅಮೆರಿಕದ ಲೀಗಿನಲ್ಲಿ ವರ್ಷದಿಂದ ವರ್ಷಕ್ಕೆ ಹೆಚ್ಚು ಸುಧಾರಿಸಿದ ಆಟಗಾರನಿಗೆ ಬೇರೆಯೇ ಪ್ರಶಸ್ತಿ ಇದೆಯೆಂದು ಕೇಬಲ್ ಟಿವಿಯಲ್ಲಿ ಕಂಡು, ನಮ್ಮಲ್ಲೂ ಇರಲಿ ಎಂದು ಅದನ್ನು ಶುರು ಮಾಡಿದರು. ಈ ಕಪ್ ಗೆದ್ದವಳಿಗೆ ಮುಂದಿನ ವರ್ಷದ ಸಂಬಳ ಖಾತ್ರಿ. ಉಳಿದವರು ಮತ್ತೆ ಆಯ್ಕೆಗೆ ಬಂದು ನಿಲ್ಲಬೇಕು. ತೀರ್ಪು ಹೇಳಲು ಮೂವರು: ರಾಮನಾಥ, ಬೊಮ್ಮಿ, ಮತ್ತು ಘಟ್ಟದ ಮೇಲಿಂದ ಬಂದು ಕಾರವಾರದಲ್ಲಿ ವಕೀಲಿ ಮಾಡುತ್ತಿದ್ದ ಮಧುಕೇಶ್ವರ ಹೆಗಡೆ. ಮಧುಕೇಶ್ವರ ಒಂದು ಕಾಲಕ್ಕೆ ಆಡಿದವನು, ಈಗ ಹೊಟ್ಟೆ ಬೆಳೆಸಿಕೊಂಡು ನೋಡುವವನು.

ಅವರ ಮುಂದೆ ಉಳಿದದ್ದು ಎರಡೇ ಹೆಸರು. ಒಬ್ಬಳು ಕಾರವಾರ ತಂಡದ ನಿಶಾ, ತೋಡೂರಿನವಳು. ನೌಕಾನೆಲೆಗೆ ಜಾಗ ಬಿಟ್ಟುಕೊಟ್ಟು ಎದ್ದುಬಂದ ಮನೆಯ ಹುಡುಗಿ. ಇನ್ನೊಬ್ಬಳು ಅಂಕೋಲಾ ತಂಡದ ಚೈತ್ರಾ, ಯಲ್ಲಾಪುರದ ಕಡೆಯವಳು, ಅಂಕೋಲೆಯಲ್ಲಿ ಕೋಣೆ ಮಾಡಿಕೊಂಡು ಓದುತ್ತ ಆಡುತ್ತಿದ್ದವಳು. ರಾಮನಾಥರ ಅಂಗಡಿಯ ಮಹಡಿಯಲ್ಲಿ, ಗ್ರೀಸಿನ ವಾಸನೆಯ ನಡುವೆ, ಮೂವರೂ ಕೂತರು.

"ಇದರಲ್ಲಿ ವಾದ ಎಂತದು?" ಎಂದ ಮಧುಕೇಶ್ವರ. "ಹೋದ ವರ್ಷ ಚೈತ್ರಾ ಆಟಕ್ಕೆ ನಾಲ್ಕು ಪಾಯಿಂಟ್ ಹಾಕ್ತಿದ್ಲು. ಈ ವರ್ಷ ಹದಿಮೂರು. ನಿಶಾ ಆರು ಇದ್ದದ್ದು ಎಂಟಾಯ್ತು. ಕಣ್ಣಿಗೆ ಕಾಣ್ತದಲ್ಲ."

"ಕಣ್ಣಿಗೆ ಕಾಣೂದು ಪಾಯಿಂಟು. ಆಟ ಕಾಣಬೇಕಂದ್ರೆ ನೋಡಬೇಕು," ಎಂದಳು ಬೊಮ್ಮಿ. "ಹೋದ ವರ್ಷ ಅಂಕೋಲೆಯಲ್ಲಿ ವೈಜಯಂತಿ ಇದ್ಲು. ಚೆಂಡೆಲ್ಲ ಅವಳ ಕೈಗೇ ಹೋಗ್ತಿತ್ತು. ಅವಳು ಮದುವೆಯಾಗಿ ಪುಣೆಗೆ ಹೋದ್ಲು, ಆ ಜಾಗ ಚೈತ್ರಾಗೆ ಬಂತು. ಯಜಮಾನ ಊರಿಗೆ ಹೋದ ಅಂತ ಅಂಗಡಿ ಗಲ್ಲೆ ಮೇಲೆ ಕೂತವ ವ್ಯಾಪಾರ ಕಲ್ತ ಹಾಂಗಾಯ್ತಾ? ನಿಶಾ ನೋಡಿ. ಹೋದ ವರ್ಷ ಎಡಗೈ ಇದ್ದೂ ಇಲ್ದಿದ್ದಂಗೆ. ಅರ್ಧ ಆಟಕ್ಕೇ ಫೌಲ್ ಮಾಡಿ ಹೊರಗೆ ಕೂರ್ತಿತ್ತು. ಈ ವರ್ಷ ಎರಡೂ ಕೈ ಸಮ. ಎದುರು ತಂಡದ ಜೋರಿನವರನ್ನೆಲ್ಲ ಕಟ್ಟಿಹಾಕಿದ್ದು ಅವಳೇ. ಅವಳು ತಡೆದ ಪಾಯಿಂಟನ್ನು ಯಾರು ಲೆಕ್ಕ ಇಟ್ರು?"

"ಸಿಕ್ಕ ಜಾಗ ಉಳಿಸ್ಕೊಳ್ಳೂದೂ ಸುಧಾರಣೆಯೇ ಅಕ್ಕೋರೆ. ಗಲ್ಲೆ ಮೇಲೆ ಕೂತ ಎಷ್ಟೋ ಜನ ಅಂಗಡಿ ಮುಳುಗಿಸ್ತಾರೆ. ಇವಳು ನಡೆಸಿದ್ಲು," ಎಂದ ಮಧುಕೇಶ್ವರ.

ಇದು ಒಳ್ಳೆಯ ಮಾತು ಎಂದು ಬೊಮ್ಮಿಗೂ ಅನ್ನಿಸಿತು. ಅನ್ನಿಸಿದ್ದನ್ನು ತೋರಿಸಿಕೊಳ್ಳಲಿಲ್ಲ, ಸೆರಗು ಸಿಕ್ಕಿಸಿ ಕುರ್ಚಿ ಮುಂದಕ್ಕೆ ಎಳೆದುಕೊಂಡಳು. ನಿಜ ಹೇಳಬೇಕೆಂದರೆ ಅವಳಿಗೆ ಖುಷಿಯಾಗಿತ್ತು. ಹುಡುಗಿಯರ ಆಟದ ಬಗ್ಗೆ ಇಷ್ಟು ಮನಸ್ಸಿಟ್ಟು ಜಗಳವಾಡುವ ಗಂಡಸನ್ನು ಅವಳು ಆವರೆಗೆ ಕಂಡಿರಲಿಲ್ಲ. ಇಬ್ಬರೂ ಒಂದೊಂದು ಆಟವನ್ನೇ ಹಿಡಿದು ಕೆದಕತೊಡಗಿದರು.

ಅಷ್ಟರಲ್ಲಿ ರಾಮನಾಥ ಕೆಮ್ಮಿದರು.

"ನೀವಿಬ್ಬರೂ ಹೇಳೂದು ಸಮಾ ಅದೆ. ಆದ್ರೆ ಹೊರಗೆ ಜನ ಬೇರೆ ಮಾತಾಡ್ತಾರೆ. ಚೈತ್ರಾ ಹೆಗಡೆಯವರ ಪೈಕಿ, ನಿಶಾ ಬೊಮ್ಮಿಬಾಯಿ ಪೈಕಿ ಅಂತ. ಯಾರಿಗೆ ಕೊಟ್ರೂ ಒಬ್ಬರ ಮೋರೆ ಸಣ್ಣ ಆಗ್ತದೆ. ನಾಳೆ ಎಲ್ಲರೂ ಎಲ್ಲರ ಮನೆ ಮದುವೆಗೆ ಹೋಗಬೇಕಾದವರು. ದೇವಿ ಹತ್ರ ಪ್ರಸಾದ ಕೇಳುವ. ಅವಳು ಹೇಳಿದ್ರೆ ಮುಗೀತು, ಯಾರೂ ಬಾಯಿ ಬಿಡೂದಿಲ್ಲ."

ನಮ್ಮ ಕಡೆ ಇದು ಹೊಸತಲ್ಲ. ಸಂಬಂಧ ಕೂಡುತ್ತದೆಯೇ, ಬಾವಿ ಎಲ್ಲಿ ತೋಡಬೇಕು ಎಂಬುದಕ್ಕೆಲ್ಲ ಗುಡಿಗೆ ಹೋಗಿ ಪ್ರಸಾದ ಕೇಳುತ್ತಾರೆ. ಭಟ್ಟರು ಒದ್ದೆ ಹೂವಿನ ಎಸಳನ್ನು ದೇವರ ಮೂರ್ತಿಯ ಬಲಕ್ಕೊಂದು ಎಡಕ್ಕೊಂದು ಅಂಟಿಸುತ್ತಾರೆ, ಮೊದಲು ಯಾವುದು ಬೀಳುತ್ತದೋ ಅದು ಉತ್ತರ. ಬೊಮ್ಮಿ ಕೂಡ ತನ್ನ ಮನೆಯ ಬಾವಿಗೆ ಹೀಗೆ ಕೇಳಿದವಳೇ, ಆ ನೀರನ್ನೇ ಕುಡಿಯುವವಳೇ. ಭೂಮಿಯ ಒಳಗೆ ಏನಿದೆಯೋ ಮನುಷ್ಯನಿಗೆ ಕಾಣದು, ಕೇಳಬೇಕು. ಆದರೆ ಕಣ್ಣೆದುರು ಮೂರು ತಿಂಗಳು ಆಡಿದ ಆಟವನ್ನು ದೇವಿಯ ಹತ್ತಿರ ಕೇಳುವುದೇ?

"ಮ್ಯಾಚ್ ನೋಡಿದ್ದು ನಾವು," ಎಂದಳು ಬೊಮ್ಮಿ. "ಕೂರೂಕೆ ಕುರ್ಚಿ ಕೊಟ್ಟದ್ದು ನಮಗೆ. ದೇವಿಗೆ ಎಂತಕ್ಕೆ ಈ ಉಸಾಬರಿ? ನಮ್ಮ ಹೆಸರು ಕೆಡಬಾರ್ದು ಅಂತ ಅವಳ ಹೆಸರು ಮುಂದೆ ಮಾಡೂದಾ? ಹೆಗಡೆಯವರೆ, ನೀವಾದ್ರೂ ಹೇಳಿ. ನನ್ನ ಮೇಲೆ ಗೆದ್ದು ಚೈತ್ರಾಗೆ ಕೊಡಿಸಿ. ನಾ ನಾಳೆಯಿಂದ ನಿಮ್ಮ ಸಂಗಡ ಮಾತು ಬಿಡೂದಿಲ್ಲ."

ಮಧುಕೇಶ್ವರ ಕಿಟಕಿಯ ಕಡೆ ನೋಡಿದ. ತನ್ನವರ ಪೈಕಿ ಎಂಬ ಮಾತು ಬಂದ ಮೇಲೆ ಅವನ ವಕೀಲಿಕೆಯೆಲ್ಲ ಉಡುಗಿತ್ತು. "ಎಲ್ಲರಿಗೂ ಸಮಾಧಾನ ಆಗ್ತದೆ ಅಂದ್ರೆ ಕೇಳುವ," ಎಂದ. ಅಲ್ಲಿಯವರೆಗೆ ಹುಲಿಯ ಹಾಗೆ ವಾದಿಸಿದವನ ದನಿ ಹೀಗೆ ಮೆತ್ತಗಾದದ್ದನ್ನು ಕೇಳಿ ಬೊಮ್ಮಿಗೆ ಅವನನ್ನು ಎತ್ತಿ ಕುಕ್ಕಬೇಕೆನಿಸಿತು.

ಇಬ್ಬರ ಮುಂದೆ ಒಬ್ಬಳದು ನಡೆಯಲಿಲ್ಲ. ಗುಡಿಗೆ ಹೋಗದಿದ್ದರೆ ದೇವಿಯನ್ನೇ ಧಿಕ್ಕರಿಸಿದಳು ಎಂದಾಗುತ್ತದೆ, ಆದ್ದರಿಂದ ಹೋದಳು. ಬಲದ ಹೂವು ನಿಶಾಳಿಗೆ, ಎಡದ್ದು ಚೈತ್ರಾಳಿಗೆ ಎಂದು ರಾಮನಾಥ ಬೇಡಿಕೊಂಡರು. ಎಲ್ಲರೂ ಕೈಮುಗಿದು ನಿಂತರು. ಸ್ವಲ್ಪ ಹೊತ್ತಿಗೆ ಬಲದ ಎಸಳು ಜಾರಿ ಬಿತ್ತು.

ಬೊಮ್ಮಿ ಗೆದ್ದಿದ್ದಳು. ಮನೆಗೆ ಬಂದವಳೇ ಚೀಲವನ್ನು ಮೂಲೆಗೆ ಎಸೆದದ್ದನ್ನು ಕಂಡು ಶಾಂತಾರಾಮ, "ನಿನ್ನ ಹುಡುಗಿಗೇ ಬಂತಲ್ಲ, ಮತ್ತೆಂತಕ್ಕೆ?" ಎಂದ. "ಬರ್ಲಿಲ್ಲ. ಬಿತ್ತು," ಎಂದು ಅವಳು ಒಳಗೆ ಹೋದಳು.

ಬಹುಮಾನದ ಸಂಜೆ ಅವಳ ಸಿಟ್ಟು ಇನ್ನೂ ಏರಿತು. ರಾಮನಾಥ ಮೈಕಿನ ಮುಂದೆ ನಿಂತು ಪ್ರಸಾದದ ಕಥೆಯನ್ನು ಭಕ್ತಿಯಿಂದ ವಿಸ್ತಾರವಾಗಿ ಹೇಳಿದರು. ನಿಶಾಳ ಎಡಗೈಯ ಬಗ್ಗೆ ಒಂದು ಮಾತಿಲ್ಲ. ಬೆಳಕು ಹರಿಯುವ ಮೊದಲೇ ಎದ್ದು ಗೋಡೆಗೆ ಚೆಂಡು ಬಡಿದು ಕಲಿತ ಕೈ ಅದು. ಜನ ಚಪ್ಪಾಳೆ ತಟ್ಟಿದ್ದು ದೇವಿಗೆ. ಕಪ್ ಹಿಡಿದುಕೊಂಡ ನಿಶಾ ಕೂಡ, "ನಂದೆಂತ ಇಲ್ಲ, ಅವಳ ಕೃಪೆ," ಎಂದು ತಲೆ ತಗ್ಗಿಸಿದಳು. ಒಂದು ವರ್ಷದ ಬೆವರನ್ನು ಹುಡುಗಿ ತನ್ನ ಬಾಯಿಯಿಂದಲೇ ಬಿಟ್ಟುಕೊಟ್ಟಳು. ಮಧುಕೇಶ್ವರ ಮೊದಲ ಸಾಲಿನಲ್ಲಿ ಕೂತು ನಗುತ್ತಿದ್ದ. ಅವನ ಮೋರೆ ಸಣ್ಣ ಆಗಿರಲಿಲ್ಲ, ಯಾರದ್ದೂ ಆಗಿರಲಿಲ್ಲ.

ಯಾರದ್ದೂ ಆಗಿಲ್ಲ ಎಂದೇ ಬೊಮ್ಮಿಯೂ ಅಂದುಕೊಂಡಿದ್ದಳು. ಮುಂದಿನ ಭಾನುವಾರ ಬೆಳಿಗ್ಗೆ ಚೈತ್ರಾ ಭಾವಿಕೇರಿಗೆ ಬಂದಳು. ಕೈಯಲ್ಲಿ ಬಟ್ಟೆಯ ದೊಡ್ಡ ಚೀಲ. ಒಳಗೆ ಕರೆದರೂ ಬರದೆ ಜಗಲಿಯ ತುದಿಯಲ್ಲೇ ಕೂತಳು.

"ಊರಿಗೆ ಹೊರಟೆ ಅಕ್ಕೋರೆ. ಹೇಳಿ ಹೋಗ್ವ ಅಂತ ಬಂದೆ. ಆಟ ಬಿಟ್ಟೆ."

"ಎಂತಕ್ಕೆ? ಮುಂದಿನ ತಿಂಗಳು ಆಯ್ಕೆ ಉಂಟಲ್ಲ. ಬಾ."

"ಮನೆಯಲ್ಲಿ ಬೇಡ ಅಂದ್ರು. ಕಪ್ ಬರ್ಲಿಲ್ಲ ಅಂತಲ್ಲ. ದೇವಿಗೇ ಬೇಡ ಆದಮೇಲೆ ಹಟ ಮಾಡಬಾರ್ದಡ. ನಂಗೂ ಹಾಂಗೇ ಕಾಣ್ತದೆ. ನೀವು ಬೇಡ ಅಂದಿದ್ರೆ ನಿಮ್ಮ ಹತ್ರ ಬಂದು ಕೇಳ್ತಿದ್ದೆ. ಅವಳ ಹತ್ರ ಎಂತ ಕೇಳೂದು?" ಹುಡುಗಿಯ ಕಣ್ಣಲ್ಲಿ ನೀರು ತುಂಬಿತ್ತು.

ಬೊಮ್ಮಿ ಜಗಲಿಗೆ ಬಂದು ಹುಡುಗಿಯ ಪಕ್ಕದಲ್ಲೇ ಕೂತಳು. ಈ ಮಗುವನ್ನು ಸೋಲಿಸಲು ಬಾಯಿ ಹರಿಯುವ ತನಕ ವಾದಿಸಿದವಳು ತಾನು. ಸೋಲಿಸಿದ ಪಾಪ ಹೋಗಿ ಕೂತದ್ದು ದೇವಿಯ ತಲೆಯ ಮೇಲೆ.

"ನಿಂಗೆ ಬೇಡ ಅಂದದ್ದು ದೇವಿ ಅಲ್ಲ. ನಾನು," ಎಂದಳು. ಚೈತ್ರಾ ತಲೆಯೆತ್ತಿದಳು. "ಹೌದು. ಮಹಡಿ ಮೇಲೆ ಕೂತು ನಾನೇ ಹೇಳ್ದೆ. ಚೈತ್ರಾ ಸುಧಾರಿಸ್ಲಿಲ್ಲ, ವೈಜಯಂತಿ ಹೋದ್ಲು, ಜಾಗ ಸಿಕ್ತು, ಅಷ್ಟೇ ಅಂತ. ಹೆಗಡೆಯವರು ನಿನ್ನ ಪರ ಇದ್ರು. ಬೈಯೂದಾದ್ರೆ ನಂಗೆ ಬೈ."

ಹುಡುಗಿ ಕಣ್ಣೊರೆಸಿಕೊಂಡಳು. ಆಮೇಲೆ ಸಿಟ್ಟಿಗೆ ಅವಳ ಮೂಗು ಕೆಂಪಾಯಿತು.

"ಜಾಗ ಸಿಕ್ತು ಅಂತ ಹೇಳೂದು ಸುಲಭ ಅಕ್ಕೋರೆ. ವೈಜಯಂತಿಯಕ್ಕ ಚೆಂಡು ಹಾಕುವಾಗ ಎದುರಿನವಳಿಗೆ ಅಡ್ಡ ನಿಂತು, ಪೆಟ್ಟು ತಿಂದು, ಅವಳಿಗೆ ದಾರಿ ಬಿಡಿಸಿಕೊಟ್ಟದ್ದು ಯಾರು? ನಾನು. ಎರಡು ವರ್ಷ. ಅವಳು ಹೋದಮೇಲೆ ನಂಗೆ ಅಡ್ಡ ನಿಲ್ಲುವವರು ಒಬ್ರೂ ಇರ್ಲಿಲ್ಲ. ಇಬ್ಬಿಬ್ರು ಮೈಮೇಲೆ ಬೀಳ್ತಿದ್ರು. ಆದ್ರೂ ಹಾಕ್ದೆ. ಅವಳ ಜಾಗ ಸಿಕ್ತು ಅಂತೀರಿ, ನಂಗೆ ನಾನು ಸಿಕ್ಕಿದ್ನಾ?"

ಅಡ್ಡ ನಿಂತವಳನ್ನು ಬೊಮ್ಮಿ ಎರಡು ವರ್ಷ ಕಣ್ಣಾರೆ ನೋಡಿದ್ದಳು, ಗಮನಿಸಿರಲಿಲ್ಲ. ಇನ್ನರ್ಧ ಗಂಟೆ ಕೂತು ಜಗಳವಾಡಿದ್ದರೆ ಮಧುಕೇಶ್ವರ ಈ ಮಾತಿಗೆ ಬಂದೇ ಬರುತ್ತಿದ್ದ, ತಾನು ಸೋಲುತ್ತಿದ್ದಳೋ ಏನೋ. ಕಪ್ ಈಗ ತೋಡೂರಿನಲ್ಲಿ ನಿಶಾಳ ಮನೆಯ ಗೂಡಿನಲ್ಲಿದೆ, ಅದನ್ನು ಕಿತ್ತು ತರಲಾಗದು, ತರಬಾರದು ಕೂಡ.

ಎದ್ದು ಒಳಗೆ ಹೋಗಿ ಬೇರೆ ಸೀರೆ ಉಟ್ಟು ಬಂದಳು. ಶಾಂತಾರಾಮನಿಗೆ ಮಧ್ಯಾಹ್ನದ ಸಾರು ಬಿಸಿ ಮಾಡಿಕೊಳ್ಳಲು ಹೇಳಿದಳು. ಚೈತ್ರಾಳ ಚೀಲವನ್ನು ತಾನೇ ಹೆಗಲಿಗೇರಿಸಿಕೊಂಡಳು.

"ಎಲ್ಲಿಗೆ ಅಕ್ಕೋರೆ?"

"ನಿಮ್ಮನೆಗೆ. ಯಲ್ಲಾಪುರದ ಬಸ್ಸು ಹತ್ತೂವರೆಗೆ ಅದೆ, ನಡಿ."

"ಅವರು ಕೇಳೂದಿಲ್ಲ. ದೇವಿ ಹೇಳಿದ್ದು ಅಂತಾರೆ."

"ಹೇಳಿದ್ದು ನಾನು," ಎಂದಳು ಬೊಮ್ಮಿ ಬೇಲಿಯ ದಣಪೆ ದಾಟುತ್ತ. "ತಪ್ಪು ಹೇಳಿದ್ದೂ ನಾನೇ ಅಂತ ಹೇಳ್ತೆ."